ಅರಬ್ಬಿ ಸಮುದ್ರ ಪಕ್ಕದಲ್ಲೇ ಇದ್ದರೂ ಕಾವೇರಿ ಪೂರ್ವಕ್ಕೇಕೆ ಹರಿಯುತ್ತದೆ?

ಪ್ರಶ್ನೆ: ತಲಕಾವೇರಿಗೆ ಅರಬ್ಬಿ ಸಮುದ್ರ ಇಷ್ಟು ಹತ್ತಿರ. ಆದರೂ ಕಾವೇರಿ 800 ಕಿ.ಮೀ. ಹರಿದು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುವುದೇಕೆ?

ಉತ್ತರ: ಕಾಸರಗೋಡು ಜಿಲ್ಲೆಯ ಕರಾವಳಿ ತಲಕಾವೇರಿಯಿಂದ ನೇರ ಅಳತೆಯಲ್ಲಿ 50 ಕಿ.ಮೀ. ಒಳಗೇ ಇದೆ, ನಿಜ. ಆದರೆ ನೀರಿಗೆ ದೂರದ ಲೆಕ್ಕವಿಲ್ಲ, ನೆಲ ಯಾವ ಕಡೆ ವಾಲಿದೆ ಎಂಬುದಷ್ಟೇ ಲೆಕ್ಕ. ಸುಮಾರು 1,276 ಮೀಟರ್ ಎತ್ತರದ ತಲಕಾವೇರಿ ಇರುವುದು ಬ್ರಹ್ಮಗಿರಿಯ ಪೂರ್ವ ಮಗ್ಗುಲಲ್ಲಿ. ಪಶ್ಚಿಮಕ್ಕೆ ಹೋಗಬೇಕಾದರೆ ನೀರು ಬೆಟ್ಟ ಹತ್ತಬೇಕು! ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಮೇಲೆ ಪಶ್ಚಿಮದ ಅಂಚು ಎತ್ತರವಾಗಿ ಉಳಿಯಿತು. ಅದರ ಹಿಂದಿನ ಪ್ರಸ್ಥಭೂಮಿ ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ.

ಹಾಗಂತ ಕೊಡಗಿನ ಮಳೆಯೆಲ್ಲ ಕಾವೇರಿಯ ಪಾಲಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಪಕ್ಕದಲ್ಲಿ ಸಿಗುವ ನೀರು ಪಯಸ್ವಿನಿಯದು. ಅದು ಸುಳ್ಯ ದಾಟಿ, ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ದಕ್ಷಿಣದ ಬರಪೊಳೆ ಕೇರಳದ ವಳಪಟ್ಟಣಂ ನದಿಗೆ, ಪುಷ್ಪಗಿರಿ ಕಡೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಬೆಟ್ಟಸಾಲಿನ ಒಂದೇ ಏಣಿನ (ನೆತ್ತಿಯ ಅಂಚಿನ) ಮೇಲೆ ಬಿದ್ದ ಎರಡು ಹನಿ ಎರಡು ಸಮುದ್ರಕ್ಕೆ ಹೋಗಬಹುದು. ಪಶ್ಚಿಮದ ಹೊಳೆಗಳದು ಕಡಿದಾದ ಇಳಿಜಾರು, ಆದ್ದರಿಂದ ಕೊರೆತವೂ ಜೋರು. ಲಕ್ಷಾಂತರ ವರ್ಷಗಳಲ್ಲಿ ಅವು ಈ ಏಣನ್ನು ಪೂರ್ವಕ್ಕೆ ಸರಿಸುತ್ತವೆ.

ಮಳೆಗಾಲದಲ್ಲಿ ಕೊಡಗಿನಲ್ಲಿ ಕಾವೇರಿ ಉಕ್ಕುವ ಪ್ರವಾಹದ ಗುಟ್ಟೂ ಇಳಿಜಾರಿನಲ್ಲೇ ಇದೆ. ತಲಕಾವೇರಿಯಿಂದ ಭಾಗಮಂಡಲಕ್ಕೆ ರಸ್ತೆಯಲ್ಲಿ 8 ಕಿ.ಮೀ.; ಅಷ್ಟರಲ್ಲೇ ನೂರಾರು ಮೀಟರ್ ಇಳಿತ. ಅಲ್ಲಿಂದ ಮುಂದೆ ನೆಲ ಬಹುತೇಕ ಸಮತಟ್ಟು, ಕುಶಾಲನಗರ ಮುಟ್ಟಿದರೂ ಎತ್ತರ ಇನ್ನೂ 800 ಮೀಟರ್‌ಗಿಂತ ಮೇಲೆಯೇ. ರಭಸದಿಂದ ಇಳಿದು ಬಂದ ನೀರು ಭಾಗಮಂಡಲದಲ್ಲಿ ಕನ್ನಿಕೆ ಹೊಳೆಯನ್ನೂ ಕೂಡಿಕೊಂಡು, ಸರಾಗವಾಗಿ ಮುಂದೆ ಹೋಗಲಾರದೆ ಗದ್ದೆಗಳಿಗೆ ಹರಡುತ್ತದೆ. ನಾಪೋಕ್ಲು ರಸ್ತೆ ಮುಳುಗುವುದು ಹೀಗೆ.

ಕುಶಾಲನಗರದ ಕಷ್ಟ ಬೇರೆ. ಅದರ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ನದಿ ಬಂದು ಕಾವೇರಿಯನ್ನು ಸೇರುತ್ತದೆ. ಹಾರಂಗಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಆ ನದಿ ಕೂಡಿಗೆಯಲ್ಲಿ ಅಡ್ಡಗಟ್ಟಿದಂತಾಗಿ ಕಾವೇರಿ ಹಿಂದಕ್ಕೆ ಒತ್ತುತ್ತದೆ, ನದಿದಡದ ಬಡಾವಣೆಗಳಿಗೆ ನುಗ್ಗುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ಮನೆ ಖಾಲಿ ಮಾಡಬೇಕೇ ಎಂದು ತೀರ್ಮಾನಿಸಲು ಊರಿನ ಮಳೆ ನೋಡಿದರೆ ಸಾಲದು. ಭಾಗಮಂಡಲದಲ್ಲಿ ಎಷ್ಟು ಮಳೆಯಾಯಿತು, ಹಾರಂಗಿ ಜಲಾಶಯದ ಹೊರಹರಿವು ಎಷ್ಟು ಕ್ಯುಸೆಕ್ ಎಂಬುದನ್ನು ವಿಚಾರಿಸಬೇಕು.