ಬೇಸ್ ಗುಂಯ್ ಅಂದರೆ ಮೊದಲು ಪಿಕಪ್ ಬದಲಿಸಬೇಡಿ

ಗಣಪತಿ ಹಬ್ಬಕ್ಕೆ ಮೂರು ವಾರ ಇರುವಾಗ ನನ್ನ ಮೇಜಿನ ಮೇಲೆ ಜಾಗ ಇರುವುದಿಲ್ಲ. ಆರ್ಕೆಸ್ಟ್ರಾದವರಿಗೆ ರಿಪೇರಿ ನೆನಪಾಗುವುದೇ ಆಗ. ವರ್ಷವಿಡೀ ಮಂಚದ ಕೆಳಗೆ ಮಲಗಿದ್ದ ಗಿಟಾರು, ತಗ್ಗು ಸ್ವರದ ಬೇಸ್ ಗಿಟಾರು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಈ ಸಲ ಮೊದಲು ಬಂದವನು ಕೋಲಾರದ ಕಡೆಯ ಒಬ್ಬ ಹುಡುಗ. ಬೆನ್ನಿಗೆ ಬೇಸ್, ಕೈಯಲ್ಲಿ ಒಂದು ಪುಟ್ಟ ಡಬ್ಬ.

"ಅಣ್ಣ, ಪಿಕಪ್ ಹೊಸದು ಹಾಕಿಸಿದೀನಿ. ಆದ್ರೂ ಗುಂಯ್ ಅಂತಾನೇ ಇದೆ."

ಡಬ್ಬದಲ್ಲಿ ಇದ್ದದ್ದು ಹಳೇ ಪಿಕಪ್, ಅಂದರೆ ತಂತಿಯ ಅದುರನ್ನು ಕರೆಂಟ್ ಸಿಗ್ನಲ್ ಮಾಡುವ ಭಾಗ. ಹೊಸದಕ್ಕೆ ಎಂಟು ಸಾವಿರ ಕೊಟ್ಟಿದ್ದನಂತೆ. ನಾಲ್ಕೈದು ಪ್ರೋಗ್ರಾಂ ದುಡಿಮೆ ಅದು.

ಆಂಪ್‌ಗೆ, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಹಾಕಿದೆ. ನಿಜ, ಗುಂಯ್. ತಂತಿಗಳ ಮೇಲೆ ಅಂಗೈ ಇಟ್ಟೆ, ಸದ್ದು ಒಂಚೂರೂ ಬದಲಾಗಲಿಲ್ಲ. ಕೇಬಲ್ಲಿನ ಪ್ಲಗ್ ಇದೆಯಲ್ಲ, ಅದರ ಲೋಹದ ಭಾಗ ಮುಟ್ಟಿದೆ. ತಟ್ಟನೆ ಇಳಿಯಿತು. ಅಲ್ಲಿಗೆ ಕಾಯಿಲೆ ಗೊತ್ತಾಯಿತು. ತಂತಿಗಳ ಬುಡ ಹಿಡಿಯುವ ಲೋಹದ ತಟ್ಟೆ, ಅಂದರೆ ಬ್ರಿಡ್ಜ್, ಅಲ್ಲಿಂದ ಕೇಬಲ್ ಚುಚ್ಚುವ ಜಾಕ್‌ಗೆ ಒಂದು ಅರ್ಥ್ ವೈರ್ ಹೋಗಿರುತ್ತದೆ, ಅದು ಎಲ್ಲೋ ಕೈ ಕೊಟ್ಟಿದೆ. ಮಲ್ಟಿಮೀಟರಿನ ಒಂದು ಮುಳ್ಳು ಬ್ರಿಡ್ಜ್‌ಗೆ, ಇನ್ನೊಂದು ಜಾಕ್‌ಗೆ ಇಟ್ಟೆ. ಬೀಪ್ ಬರಲಿಲ್ಲ, ಅಂದರೆ ಸಂಪರ್ಕ ಇಲ್ಲ.

ತಂತಿ ಸಡಿಲ ಮಾಡಿ, ಬ್ರಿಡ್ಜಿನ ಐದು ಸ್ಕ್ರೂ ಬಿಚ್ಚಿ ಎತ್ತಿದೆ. ಅಡಿಯಲ್ಲಿ ವೈರ್ ಇತ್ತು. ಆದರೆ ಸುಲಿದ ತುದಿ ಕಪ್ಪಾಗಿತ್ತು, ಅದು ತಾಗಬೇಕಾದ ಜಾಗದಲ್ಲಿ ಬ್ರಿಡ್ಜಿನ ತಳಕ್ಕೂ ಬಣ್ಣ ಹತ್ತಿತ್ತು. ಬ್ಲೇಡಿನಲ್ಲಿ ಬಣ್ಣ ಕೆರೆದೆ. ವೈರನ್ನು ಹೊಸದಾಗಿ ಸುಲಿದು, ಎಳೆಗಳನ್ನು ಬೀಸಣಿಗೆ ಹಾಗೆ ಹರಡಿ, ಮೇಲೆ ಬ್ರಿಡ್ಜ್ ಕೂರಿಸಿ ಬಿಗಿ ಮಾಡಿದೆ. ಈಗ ಬೀಪ್ ಬಂತು. ಆಂಪ್‌ನಲ್ಲಿ ಸದ್ದಿಲ್ಲ. ಖರ್ಚಾದದ್ದು ಇಪ್ಪತ್ತು ನಿಮಿಷ, ಎರಡು ಸೆಂಟಿಮೀಟರ್ ವೈರ್.

ಹುಡುಗನ ಮುಖ ನೋಡೋಕಾಗಲಿಲ್ಲ. ಅವನದು ಪ್ರಿಸಿಷನ್ ಮಾದರಿಯ ಬೇಸ್. ಅಮೆರಿಕದ ಗಿಟಾರು ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಬೇಸ್ ಅದು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿದರು. ಎರಡೂ ತುಂಡಿನ ತಾಮ್ರದ ಸುತ್ತು, ಅಯಸ್ಕಾಂತ ಒಂದಕ್ಕೊಂದು ಉಲ್ಟಾ ಇರುತ್ತವೆ. ಹೊರಗಿನಿಂದ ಬರುವ ಗುಂಯ್ ಎರಡರಲ್ಲೂ ಹುಟ್ಟಿ ಒಂದನ್ನೊಂದು ಕೊಂದುಕೊಳ್ಳುತ್ತದೆ, ತಂತಿಯ ಸದ್ದು ಉಳಿಯುತ್ತದೆ. ಅಂದರೆ ಈ ಬೇಸ್ ಗುಂಯ್ ಅಂದರೆ ಪಿಕಪ್ ಮೇಲೆ ಅನುಮಾನ ಕೊನೆಗೆ ಬರಬೇಕು. ಅವನಿಗೆ ಯಾರೋ ಮೊದಲೇ ಬರಿಸಿಬಿಟ್ಟಿದ್ದರು.

1960ರಲ್ಲಿ ಬಂದ ಜಾಜ್ ಬೇಸ್ ಸ್ವಲ್ಪ ಬೇರೆ. ಅದರಲ್ಲಿ ಎರಡು ಒಂಟಿ ಕಾಯಿಲ್ (ಸುತ್ತು) ಪಿಕಪ್, ಇವೂ ಒಂದಕ್ಕೊಂದು ಉಲ್ಟಾ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಸದ್ದಿಲ್ಲ. ಒಂದನ್ನು ಇಳಿಸಿದ ತಕ್ಷಣ ಗುಂಯ್ ಶುರು. ಇದನ್ನು ಕೆಟ್ಟಿದೆ ಅಂದುಕೊಂಡು ತಿಂಗಳಿಗೆ ಒಬ್ಬರಾದರೂ ತರುತ್ತಾರೆ. ಅದು ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಸುಮ್ನೆ ವಾಪಸ್ ಕಳಿಸುತ್ತೇನೆ.

ಈ ಗುಂಯ್ ಎಲ್ಲಿಂದ ಬರುತ್ತದೆ? ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಪಿಕಪ್ ಅಂದರೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಒಂಥರಾ ಆಂಟೆನಾ. ಸುತ್ತಮುತ್ತಲ ಟ್ಯೂಬ್‌ಲೈಟು, ಬೆಳಕು ಏರಿಸಿ ಇಳಿಸುವ ಡಿಮ್ಮರು, ಟ್ರಾನ್ಸ್‌ಫಾರ್ಮರು ಎಲ್ಲದರ ಗಲಾಟೆ ಅದರೊಳಗೆ ಬರುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್ (ಬೆರಳೊತ್ತುವ ಕಡೆಯ ಲೋಹದ ಅಡ್ಡಗೆರೆ) ಒತ್ತಿದರೆ ಬರುವುದು ಜಿ ಸ್ವರ, ಸೆಕೆಂಡಿಗೆ 49 ಸಲ ಅಂದರೆ 49 ಹರ್ಟ್ಸ್. ಕರೆಂಟಿನದು 50. ಅಂದರೆ ನಮ್ಮ ಹಾಲ್‌ಗಳೆಲ್ಲ ಸದಾ ಒಂದು ಜಿ ಹಾಡುತ್ತಿರುತ್ತವೆ, ಸ್ವಲ್ಪ ಶ್ರುತಿ ಏರಿಸಿಕೊಂಡು. ಜಿ ಸ್ಕೇಲಿನ ಹಾಡು ಬಂದಾಗ ಬೇಸ್ ಯಾಕೋ ಅಪಶ್ರುತಿ ಅನ್ನಿಸಿದರೆ ಟ್ಯೂನರ್ ನೋಡುವ ಮೊದಲು ಗೋಡೆ ಕಡೆ ಕಿವಿ ಕೊಡಿ.

ಗುಂಯ್‌ನಲ್ಲಿ ಎರಡು ಜಾತಿ. ತಂತಿ ಮುಟ್ಟಿದರೆ ಇಳಿಯುವಂಥದ್ದು ಒಂದು. ಬೇಸ್ ಹಿಡಿದು ನಿಂತಲ್ಲೇ ತಿರುಗಿದರೆ ಏರಿ ಇಳಿಯುವಂಥದ್ದು ಇನ್ನೊಂದು. ಮೊದಲನೆಯದಕ್ಕೆ ತಾಮ್ರದ ಟೇಪು ಮದ್ದು. ಎರಡನೆಯದು ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತದ ಸೆಳೆತ, ಅದಕ್ಕೆ ತಾಮ್ರ ಏನೂ ಮಾಡುವುದಿಲ್ಲ. ಮೂರು ಹೆಜ್ಜೆ ಪಕ್ಕಕ್ಕೆ ಸರಿಯುವುದೇ ಮದ್ದು. ಇದನ್ನು ತಿಳಿಯದೆ ಬೇಸ್ ತುಂಬ ಟೇಪ್ ಮೆತ್ತಿ, ಆಮೇಲೆ ಟೇಪ್ ಚೆನ್ನಾಗಿಲ್ಲ ಅಂತ ಬೈಯುವವರು ಜಾಸ್ತಿ.

ಟೇಪ್ ಹಾಕುವ ಕೆಲಸ, ಅಂದರೆ ಶೀಲ್ಡಿಂಗ್, ಮನೆಯಲ್ಲೇ ಮಾಡಬಹುದು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತಾಮ್ರದ ಟೇಪ್ ಸಿಗುತ್ತದೆ. ಪಿಕ್‌ಗಾರ್ಡ್, ಅಂದರೆ ಮುಂಭಾಗದ ಹಲಗೆ, ಬಿಚ್ಚಿ, ಮರದೊಳಗೆ ಕೊರೆದ ಹಳ್ಳಗಳ ತಳ, ಗೋಡೆ, ಪಿಕ್‌ಗಾರ್ಡಿನ ಹಿಂಬದಿ ಎಲ್ಲದಕ್ಕೂ ಅಂಟಿಸಬೇಕು. ಕೆಲವು ಟೇಪಿನ ಅಂಟು ಕರೆಂಟ್ ಹಾಯಿಸುವುದಿಲ್ಲ. ಹಾಗಾಗಿ ಟೇಪಿಗೆ ಟೇಪು ಸೇರುವ ಕಡೆಯೆಲ್ಲ ಒಂದೊಂದು ಚುಕ್ಕೆ ಸೋಲ್ಡರ್ ಇಡಿ. ಕೊನೆಗೆ ಆ ತಾಮ್ರವನ್ನೆಲ್ಲ ಒಂದು ವೈರಿನಿಂದ ಅರ್ಥ್‌ಗೆ ಸೇರಿಸಿ. ಸೇರಿಸದಿದ್ದರೆ ಅದು ಬರೀ ಅಲಂಕಾರ. ಇನ್ನೊಂದು ಮಾತು, ಜಾಕ್ ಒಳಗಿನ ಉದ್ದದ ನಾಲಿಗೆ ತಾಮ್ರಕ್ಕೆ ತಾಗಬಾರದು. ತಾಗಿದರೆ ಗುಂಯ್ ಪೂರ್ತಿ ಹೋಗುತ್ತದೆ, ಬೇಸಿನ ಸದ್ದೂ ಹೋಗುತ್ತದೆ. "ಶೀಲ್ಡಿಂಗ್ ಅಂದ್ರೆ ಹಿಂಗಿರಬೇಕು, ಎಷ್ಟು ಸೈಲೆಂಟ್ ನೋಡಿ" ಅಂತ ಒಬ್ಬರು ಹೆಮ್ಮೆಯಿಂದ ತಂದು ತೋರಿಸಿದ್ದರು. ಬಾರಿಸಿ ನೋಡಿರಲಿಲ್ಲ.

ಈಗ ನಗುವ ವಿಷಯವಲ್ಲದ್ದು. ಗುಂಯ್ ತಪ್ಪಿಸಲು ಆಂಪ್ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ಮುರಿಯುವ ಚಾಳಿ ನಮ್ಮಲ್ಲಿ ಇದೆ. ಎರಡು ಪಿನ್ನಿನ ಅಡಾಪ್ಟರ್ ಹಾಕುವುದೂ ಅದೇ ಲೆಕ್ಕ. ಗುಂಯ್ ನಿಲ್ಲಬಹುದು, ಆದರೆ ಬೇಸಿನ ತಂತಿಗಳು ಆಂಪ್‌ನ ಲೋಹದ ಮೈಗೆ ಸೇರಿಕೊಂಡಿವೆ ಅನ್ನುವುದನ್ನು ಮರೆಯಬೇಡಿ. ಆಂಪ್ ಒಳಗೆ ಏನಾದರೂ ಸುಟ್ಟು ಮೈಗೆ ಕರೆಂಟ್ ಬಂದರೆ ಅದು ನೇರ ನಿಮ್ಮ ಬೆರಳಿಗೆ ಬರುತ್ತದೆ. ಹಾಡುತ್ತಾ ಬಾರಿಸುವವರಿಗೆ ಇನ್ನೂ ಕಷ್ಟ, ತುಟಿ ಮೈಕಿಗೆ ತಾಗಿರುತ್ತದೆ. ಪೆಂಡಾಲಿನಲ್ಲಿ ಮೈಕಿಗೆ ತುಟಿ ತಾಗಿದಾಗ ಜುಮ್ ಅಂದಿದ್ದು ಬಹಳ ಜನಕ್ಕೆ ಅನುಭವ ಇದೆ, ಅಲ್ವಾ? ಅರ್ಥ್ ಇಲ್ಲದ ಬೋರ್ಡಿಗೆ ಈಗಿನ ಮಿಕ್ಸರೋ ಆಂಪೋ ಹಾಕಿದರೆ ಅದರ ಮೈಮೇಲೆ 230ರ ಅರ್ಧದಷ್ಟು ವೋಲ್ಟ್ ಕೂತಿರುತ್ತದೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಬರುವ ಸೋರಿಕೆ ಅದು. ಆ ಸೋರಿಕೆ ಸಾಮಾನ್ಯವಾಗಿ ಜುಮ್ ಅನ್ನಿಸಿ ಬಿಡುತ್ತದೆ. ಆದರೆ ಸೋರಿಕೆ ಯಾವುದು, ನಿಜವಾದ ಫಾಲ್ಟ್ ಯಾವುದು ಅಂತ ತುಟಿಗೆ ಗೊತ್ತಾಗುವುದಿಲ್ಲ.

ನಾನು ಹೇಳುವುದು ಇಷ್ಟೇ. ಬ್ಯಾಗಿನಲ್ಲಿ ಒಂದು ಸಾಮಾನ್ಯ ಮಲ್ಟಿಮೀಟರ್ ಇರಲಿ. ಸ್ಟೇಜ್ ಹತ್ತಿದ ಮೇಲೆ ಏಸಿ ವೋಲ್ಟ್‌ಗೆ ತಿರುಗಿಸಿ, ಒಂದು ಮುಳ್ಳು ಮೈಕಿನ ಜಾಲರಿಗೆ, ಇನ್ನೊಂದು ಬೇಸಿನ ತಂತಿಗೆ ಹಿಡಿಯಿರಿ. ಒಂದೆರಡು ವೋಲ್ಟ್ ತೋರಿಸಿದರೆ ಪರವಾಗಿಲ್ಲ. ಐವತ್ತು, ನೂರು ಅಂದರೆ ಸೌಂಡಿನವರನ್ನು ಕರೆದು ಅರ್ಥ್ ಸರಿ ಮಾಡಿಸುವ ತನಕ ಬಾರಿಸಬೇಡಿ. ಬೈದರೆ ಬೈಯಲಿ. ಬೇಸ್ ಒಂದು ಕಡೆ ಆಂಪ್‌ಗೆ, ಇನ್ನೊಂದು ಕಡೆ ಮಿಕ್ಸರಿಗೆ ಹೋಗಿ ಗುಂಯ್ ಬರುತ್ತಿದ್ದರೆ, ಬೇಸನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸಿನ ಮೇಲೆ ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಸಿಗ್ನಲ್ ಕೇಬಲ್ಲಿನ ಅರ್ಥ್ ಮಾತ್ರ ಬಿಡಿಸುತ್ತದೆ, ಕರೆಂಟಿನದನ್ನು ಮುಟ್ಟುವುದಿಲ್ಲ. ಬೇಸ್ ಬಾರಿಸುವವರು ಆಂಪ್‌ಗಿಂತ ಮೊದಲು ಕೊಳ್ಳಬೇಕಾದ್ದು ಒಂದು ಒಳ್ಳೆಯ ಡಿಐ ಬಾಕ್ಸು ಅನ್ನುವುದು ನನ್ನ ಹಟ. ಆರ್ಕೆಸ್ಟ್ರಾದಲ್ಲಿ ಹೇಗೂ ಸದ್ದು ಹೊರಗೆ ಹೋಗುವುದು ಮಿಕ್ಸರ್ ಮೂಲಕ.

ನೆಕ್, ಅಂದರೆ ಬೆರಳು ಓಡಾಡುವ ಉದ್ದನೆಯ ಮರ, ಅದರ ವಿಷಯಕ್ಕೆ ಬರುತ್ತೇನೆ. ನಾಲ್ಕು ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ ಸುಮಾರು 75 ಕೆ.ಜಿ. ಅದಕ್ಕೆ ಎದುರು ನಿಲ್ಲಲು ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ಮಳೆಗಾಲದಲ್ಲಿ ಮರ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಂಗಳೂರಿನಿಂದ ಬರುವ ಬೇಸ್‌ಗಳಲ್ಲಿ ತುಕ್ಕು ಮೊದಲು ಕಾಣುತ್ತದೆ. ಕಲಬುರಗಿ ಕಡೆಯದರಲ್ಲಿ ನೆಕ್ಕಿನ ಅಂಚು ಸವರಿದರೆ ಫ್ರೆಟ್ ತುದಿಗಳು ಕೈಗೆ ಗೀಚುತ್ತವೆ. ಮರ ಒಣಗಿ ಒಳಗೆ ಸರಿದಿರುತ್ತದೆ, ಲೋಹ ಸರಿಯುವುದಿಲ್ಲವಲ್ಲ.

ನೆಕ್ ಎಷ್ಟು ಬಾಗಿದೆ ನೋಡಲು ಉಪಕರಣ ಬೇಡ. ಶ್ರುತಿ ಮಾಡಿಟ್ಟು, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಆಗ ತಂತಿಯೇ ಅಡ್ಡಪಟ್ಟಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.3 ಮಿ.ಮೀ. ಆಸುಪಾಸು, ಸಂದಿ ಇದ್ದರೆ ಸರಿ. ಜಾಸ್ತಿ ಇದ್ದರೆ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು, ಸಂದಿಯೇ ಇಲ್ಲದಿದ್ದರೆ ಅದರ ಉಲ್ಟಾ ಕಾಲು ಸುತ್ತು. ಆಮೇಲೆ ರಾಡ್ ತಿರುಗಿಸುವ ಆಲನ್ ಕೀ ಕೆಳಗಿಟ್ಟು ಒಂದು ದಿನ ಬಿಡಿ.

ಈ ಒಂದು ದಿನ ಬಿಡುವ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಶುರುವಿನ ವರ್ಷ. ಸಂಜೆ ಪ್ರೋಗ್ರಾಂ ಇದೆ, ಈಗಲೇ ಬೇಕು ಅಂತ ಒಬ್ಬರು ಕೂತಿದ್ದರು. ಕಾಲು ಸುತ್ತಿಗೆ ನೆಕ್ ಜಗ್ಗಲಿಲ್ಲ. ಇನ್ನೊಂದು ಕಾಲು. ಆಮೇಲೆ ಅರ್ಧ. ತಂತಿಯನ್ನೂ ಸಡಿಲ ಮಾಡಿರಲಿಲ್ಲ. ಟಕ್ ಅಂತ ಒಂದು ಸದ್ದು ಬಂತು, ಕೈಯಲ್ಲಿದ್ದ ಕೀ ಹಗುರಾಗಿ ತಿರುಗತೊಡಗಿತು. ಅವರಿಗೂ ಕೇಳಿಸಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊಸ ನೆಕ್ಕಿನ ದುಡ್ಡು ನಾನೇ ಕೊಟ್ಟೆ. ಅಂದಿನಿಂದ ಕಾಲು ಸುತ್ತಿಗೆ ಜಗ್ಗದ ರಾಡನ್ನು ಬಲವಂತ ಮಾಡುವುದಿಲ್ಲ. ನೀವಂತೂ ಮಾಡಲೇಬೇಡಿ.

ನೆಕ್ಕಿನ ಮೇಲೆ ಬೆರಳೊತ್ತುವ ಪಟ್ಟಿಗೆ, ಅಂದರೆ ಫಿಂಗರ್‌ಬೋರ್ಡಿಗೆ, ಕೊಬ್ಬರಿ ಎಣ್ಣೆ ಹಚ್ಚುವವರಿಗೂ ಒಂದು ಮಾತು. ಬಹಳ ಬೇಸ್‌ಗಳ ಮೇಲೆ ಕೂತಿರುವ ಆ ಕಂದು ಪಟ್ಟಿ ನಮ್ಮ ಬೀಟೆ ಮರದ್ದು. ಪಶ್ಚಿಮ ಘಟ್ಟದ ಮರ ಸಮುದ್ರ ದಾಟಿ ಹೋಗಿ, ಬೆಲೆ ಏರಿಸಿಕೊಂಡು, ಬೇಸಿನ ಮೇಲೆ ಕೂತು ವಾಪಸ್ ಬರುತ್ತದೆ. ಕೊಬ್ಬರಿ ಎಣ್ಣೆ ಮುಗ್ಗುತ್ತದೆ, ಧೂಳು ಹಿಡಿಯುತ್ತದೆ, ಫ್ರೆಟ್ ಪಕ್ಕದಲ್ಲಿ ಜಿಡ್ಡು ಕಟ್ಟುತ್ತದೆ. ಔಷಧಿ ಅಂಗಡಿಯ ಬಣ್ಣವಿಲ್ಲದ ಮಿನರಲ್ ಆಯಿಲ್ ನಾಲ್ಕು ಹನಿ, ವರ್ಷಕ್ಕೆ ಎರಡು ಸಲ, ಹಚ್ಚಿ ಒರೆಸಿದರೆ ಆಯಿತು. ಮೇಪಲ್ ಮರದ ಬೋರ್ಡಿಗೆ ಅದೂ ಬೇಡ, ಮೇಲೆ ಪಾಲಿಶ್ ಇರುತ್ತದೆ.

ತಂತಿ ದುಬಾರಿ. ಒಳ್ಳೆಯ ಬೇಸ್ ಸೆಟ್ ಎರಡು ಸಾವಿರ ದಾಟುತ್ತದೆ. ಅದು ಮಂಕಾಗುವುದು ತಂತಿಯ ಹೊರಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ಸೇರಿ. ಕುದಿಯುವ ನೀರಿಗೆ ಹಾಕುವವರಿದ್ದಾರೆ. ಹೊಳಪು ಬರುತ್ತದೆ, ಆದರೆ ಬೇಗ ಹೋಗುತ್ತದೆ, ಸರಿಯಾಗಿ ಒಣಗಿಸದಿದ್ದರೆ ತುಕ್ಕು ಬೇರೆ. ನಾನು ಮಾಡುವುದು ಹೀಗೆ: ಪ್ಲಂಬಿಂಗಿನ ಒಂದಿಂಚು ಪಿವಿಸಿ ಪೈಪು ನಾಲ್ಕಡಿ, ಒಂದು ತುದಿಗೆ ಅಂಟಿಸಿದ ಮುಚ್ಚಳ, ಇನ್ನೊಂದಕ್ಕೆ ತಿರುಗಿಸುವ ಮುಚ್ಚಳ. ಒಳಗೆ ಐಸೋಪ್ರೊಪೈಲ್ ಆಲ್ಕೋಹಾಲ್. ತಂತಿಗಳನ್ನು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಬಿಡುವುದು. ಪೈಪಿನ ತಳದಲ್ಲಿ ಕೂರುವ ಕಪ್ಪು ಗಸಿ ನೋಡಿದರೆ ನಿಮಗೇ ನಾಚಿಕೆ ಆಗುತ್ತದೆ. ಮೂರ್ನಾಲ್ಕು ಸಲ ಹೀಗೆ ನಡೆಯುತ್ತದೆ, ಆಮೇಲೆ ಲೋಹವೇ ಸವೆದಿರುತ್ತದೆ. ಇದನ್ನು ಒಲೆ, ದೇವರ ದೀಪ, ಊದಿನಕಡ್ಡಿ ಇರುವ ಕಡೆ ಮಾಡಬೇಡಿ, ಭಗ್ ಅನ್ನುತ್ತದೆ.

ಹೊಸ ತಂತಿ ಹಾಕುವಾಗ ಉದ್ದ ಜಾಸ್ತಿ ಇದೆ ಅಂತ ನೇರ ಕತ್ತರಿಸಬೇಡಿ. ಮೊದಲು ಲಂಬವಾಗಿ ಬಗ್ಗಿಸಿ, ಬಗ್ಗಿದ ಜಾಗದ ಆಚೆ ಕತ್ತರಿಸಿ. ಇಲ್ಲದಿದ್ದರೆ ಹೊರಸುತ್ತು ಬಿಚ್ಚಿಕೊಂಡು ಹೊಸ ತಂತಿ ಮೊದಲ ದಿನವೇ ಸತ್ತ ಹಾಗೆ ಕೇಳುತ್ತದೆ. ಮತ್ತೆ, ಬ್ಯಾಟರಿ ಇರುವ ಆಕ್ಟಿವ್ ಬೇಸ್ ನಿಮ್ಮದಾದರೆ ಬಾರಿಸಿದ ಮೇಲೆ ಕೇಬಲ್ ತೆಗೆಯಿರಿ. ಪ್ಲಗ್ ಹಾಕಿದ್ದರೆ ಸ್ವಿಚ್ ಆನ್ ಇದ್ದ ಹಾಗೇ ಲೆಕ್ಕ, 9 ವೋಲ್ಟ್ ಬ್ಯಾಟರಿ ಮಲಗಿಬಿಡುತ್ತದೆ.

ಯಾವ ಬೇಸ್ ಕೊಳ್ಳಲಿ ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಮೊದಲನೆಯದು ಬ್ಯಾಟರಿ ಇಲ್ಲದ್ದು, ನಾಲ್ಕು ತಂತಿಯದು, ಸಾಧ್ಯವಾದರೆ ಸೆಕೆಂಡ್ ಹ್ಯಾಂಡ್. ಗಾಯಕರು ಶ್ರುತಿ ಇಳಿಸಿದಾಗಲೆಲ್ಲ ಕೀಬೋರ್ಡಿನವರು ಕೆಳಗಿನ ಡಿ ಬಾರಿಸುತ್ತಾರೆ, ನಾಲ್ಕು ತಂತಿಯಲ್ಲಿ ನಿಮ್ಮ ಅತಿ ಕೆಳಗಿನ ಸ್ವರ ಇ, 41 ಹರ್ಟ್ಸ್, ಆ ಡಿ ನಿಮಗೆ ಸಿಗುವುದಿಲ್ಲ. ಇದು ದಿನಾ ಕಾಡಿದರೆ ಐದು ತಂತಿಯದಕ್ಕೆ ಹೋಗಿ. ಆದರೆ ಅದರ ಕೆಳಗಿನ ಬಿ 31 ಹರ್ಟ್ಸ್. ಪೆಂಡಾಲಿನ ಬಹಳ ಸ್ಪೀಕರ್‌ಗಳಿಗೆ ಅದು ನಿಲುಕುವುದಿಲ್ಲ.

ಕೋಲಾರದ ಹುಡುಗ ಹೋದ ಹದಿನೈದು ದಿನಕ್ಕೆ ಫೋನ್ ಮಾಡಿದ. ಹಿಂದೆ ಪೆಂಡಾಲಿನ ಗಲಾಟೆ ಕೇಳುತ್ತಿತ್ತು.

"ಅಣ್ಣ, ಮತ್ತೆ ಬಂತು. ಜುಯ್ ಅಂತಿದೆ."

"ತಂತಿ ಮುಟ್ಟಿದ್ರೆ?"

"ಏನೂ ಆಗಲ್ಲ. ಆ ಕಡೆ ತಿರುಗಿದ್ರೆ ಕಮ್ಮಿ ಆಗುತ್ತೆ."

"ಎಲ್ಲಿ ನಿಂತಿದೀಯ?"

ಲೈಟಿಂಗಿನವರ ಡಿಮ್ಮರ್ ಪೆಟ್ಟಿಗೆ ಪಕ್ಕ. ಆಂಪ್ ಪ್ಲಗ್ ಕೂಡ ಅವರ ಬೋರ್ಡಿಗೇ ಹಾಕಿದ್ದ.

"ಅದನ್ನ ಕಿತ್ತು ಸೌಂಡಿನವರ ಬೋರ್ಡಿಗೆ ಹಾಕಪ್ಪ. ನೀನು ಕೀಬೋರ್ಡ್ ಕಡೆ ಹೋಗಿ ನಿಂತ್ಕೋ. ಆಗಲೂ ಬಂದ್ರೆ ಫೋನ್ ಮಾಡು."

ಆಮೇಲೆ ಫೋನ್ ಬರಲಿಲ್ಲ. ಅವನ ಹಳೇ ಪಿಕಪ್ಪಿನ ಡಬ್ಬ ಇನ್ನೂ ನನ್ನ ಕಪಾಟಿನಲ್ಲೇ ಇದೆ.