ಕಟ್ಟಪ್ಪ ಯಾರ ಕಡೆಯವನು? ಇನ್ನೊಮ್ಮೆ ಹೇಳುತ್ತೇನೆ, ಕೇಳಿ

ಪ್ರಶ್ನೆ: ಕಟ್ಟಪ್ಪ ನಿಜವಾಗಿ ಯಾರಿಗೆ ನಿಷ್ಠನಾಗಿದ್ದ? ಗುಲಾಮಗಿರಿಯಿಂದ ಬಿಡುಗಡೆ ಕೊಡುತ್ತೇನೆಂದು ಭಲ್ಲಾಳದೇವ ಆಸೆ ಹುಟ್ಟಿಸಿದ್ದಕ್ಕೆ ಅವನು ಬಾಹುಬಲಿಯನ್ನು ಕೊಂದದ್ದಂತೆ, ಹೌದಾ?
(ಬದಿಯಡ್ಕದ ಓದುಗರೊಬ್ಬರು)

ಉತ್ತರ: ಅಲ್ಲ ಮಾರಾಯರೇ, ಅಲ್ಲ.

‘ಬಾಹುಬಲಿ’ ಸಿನಿಮಾದ ಎರಡನೇ ಭಾಗ ಬಂದದ್ದು 2017ರ ಏಪ್ರಿಲ್ 28ಕ್ಕೆ. ‘ಯಾಕೆ ಕೊಂದ’ ಎಂಬುದಕ್ಕೆ ಆ ದಿನವೇ ಉತ್ತರ ಸಿಕ್ಕಿ ಆಗಿದೆ. ಇಷ್ಟು ವರ್ಷದ ಮೇಲೂ ಬದಿಯಡ್ಕದಿಂದ, ಪೆರ್ಲದಿಂದ, ಮಂಜೇಶ್ವರದಿಂದ ಇದೇ ಪ್ರಶ್ನೆ ಬರುತ್ತದೆ. 2025ರ ಅಕ್ಟೋಬರ್ ಕೊನೆಗೆ ಎರಡೂ ಭಾಗ ಸೇರಿಸಿ ಒಂದೇ ಚಿತ್ರವಾಗಿ ಬಿಟ್ಟ ಮೇಲಂತೂ ಮದುವೆಯ ಹಂತಿಯಲ್ಲಿ ಪಕ್ಕದವರು ಪಾಯಸ ಬರುವ ಮೊದಲೇ ಶುರು ಮಾಡುತ್ತಾರೆ: “ಅಲ್ಲ, ಆ ಕಟ್ಟಪ್ಪ ಮೊದಲಿನಿಂದಲೂ ಭಲ್ಲಾಳನ ಕಡೆ ಅಂತೆ, ಗೊತ್ತುಂಟಾ?”

ಗೊತ್ತಿಲ್ಲ, ಏಕೆಂದರೆ ತೆರೆಯ ಮೇಲೆ ಹಾಗೆ ಇಲ್ಲ. ನನ್ನ ಆಧಾರ ಮೂಲದ ಎರಡು ಭಾಗಗಳು. ನೀವು ಕಾಸರಗೋಡಿನಲ್ಲಿ ಮಲಯಾಳದಲ್ಲಿ ನೋಡಿರಬಹುದು, ಮಂಗಳೂರಿಗೆ ಹೋಗಿ ತೆಲುಗಿನಲ್ಲಿ ನೋಡಿರಬಹುದು. ಕನ್ನಡದ್ದು ಆಗ ಟಾಕೀಸಿಗೆ ಬರಲೇ ಇಲ್ಲ, ಆ ಸಂಕಟ ಬೇರೆ. ಮಾತು ಯಾವ ಭಾಷೆಯಲ್ಲಿದ್ದರೂ ದೃಶ್ಯ ಒಂದೇ.

ಕಥೆ ನಿಮಗೆಲ್ಲ ಬಾಯಿಪಾಠ, ಹಾಗಾಗಿ ಬೇಕಾದಷ್ಟೇ ಹೇಳುತ್ತೇನೆ. ಭಲ್ಲಾಳದೇವನೂ ಅವನ ಅಪ್ಪ ಬಿಜ್ಜಳದೇವನೂ ಸೇರಿ, ಬಾಹುಬಲಿಯ ಹೆಂಡತಿ ದೇವಸೇನೆಯ ಬಂಧು, ಪಾಪದ ಕುಮಾರವರ್ಮನ ತಲೆ ಕೆಡಿಸುತ್ತಾರೆ. ಅವನು ಭಲ್ಲಾಳನನ್ನು ಕೊಲ್ಲಲು ನುಗ್ಗಿ ತಾನೇ ಸಾಯುತ್ತಾನೆ. ಇದು ಬಾಹುಬಲಿಯದ್ದೇ ಸಂಚು ಎಂದು ಅವನನ್ನು ಸಾಕಿದ ರಾಜಮಾತೆ ಶಿವಗಾಮಿಯನ್ನು ನಂಬಿಸುತ್ತಾರೆ. ಶಿವಗಾಮಿ ಕಟ್ಟಪ್ಪನನ್ನು ಕರೆದು ಬಾಹುಬಲಿಯನ್ನು ಕೊಲ್ಲು ಎನ್ನುತ್ತಾಳೆ. ಅವನು ಅಂಗಲಾಚುತ್ತಾನೆ. ನೀನು ಕೊಲ್ಲುತ್ತೀಯೋ, ನಾನೇ ಕೊಲ್ಲಬೇಕೋ ಎಂದು ಅವಳು ಕೇಳುತ್ತಾಳೆ. ಸಾಕಿದ ತಾಯಿಯ ಕೈಗೆ ಮಗನ ರಕ್ತ ಅಂಟಬಾರದೆಂದರೆ ಅವನಿಗೆ ಉಳಿದದ್ದು ಒಂದೇ ದಾರಿ. ಆಜ್ಞೆ ಕೊಟ್ಟದ್ದು ಶಿವಗಾಮಿ. ಭಲ್ಲಾಳದೇವ ಕಟ್ಟಪ್ಪನಿಗೆ ಏನಾದರೂ ಆಮಿಷ ಒಡ್ಡುವ ದೃಶ್ಯ ಎರಡು ಭಾಗಗಳಲ್ಲಿ ಎಲ್ಲಿಯೂ ಇಲ್ಲ.

“ತೋರಿಸದೆ ಇರಬಹುದಲ್ಲ? ಹಿಂದಿನಿಂದ ನಡೆದಿರಬಹುದಲ್ಲ?” ಎನ್ನುತ್ತೀರಿ. ಸರಿ, ನಡೆದಿದೆ ಎಂದೇ ಇಟ್ಟುಕೊಳ್ಳೋಣ. ಬಾಹುಬಲಿ ಸತ್ತ, ಭಲ್ಲಾಳದೇವ ಬಯಸಿದ್ದು ಸಿಕ್ಕಿತು. ಹಾಗಾದರೆ ಕಟ್ಟಪ್ಪನ ಬಿಡುಗಡೆ ಎಲ್ಲಿ? ಇಪ್ಪತ್ತೈದು ವರ್ಷ ಕಳೆದು ಕಥೆ ಶುರುವಾಗುವಾಗಲೂ ಅವನು ಅದೇ ಮಾಹಿಷ್ಮತಿಯ ಗುಲಾಮ. ಗಡ್ಡ ಹಣ್ಣಾಗಿದೆ, ಕೆಲಸ ಬದಲಾಗಿಲ್ಲ. ಮಾತು ಕೊಟ್ಟು ಭಲ್ಲಾಳ ಮೋಸ ಮಾಡಿದ ಎನ್ನುವುದಾದರೆ, ಮೋಸ ಹೋದವನ ಒಂದು ಸಿಟ್ಟು, ಒಂದು ಗೊಣಗಾಟವಾದರೂ ಇರಬೇಡವೇ? ಅದೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದುಂಟು. ನಮ್ಮವರು ಅದನ್ನು ಶಿಳ್ಳೆ ಹೊಡೆಯುತ್ತಾ ನೋಡಿದ್ದಾರೆ, ಆದರೆ ಏನು ನೋಡಿದೆವೆಂದು ಯೋಚಿಸಿದಂತಿಲ್ಲ. ಮೊದಲ ಭಾಗದಲ್ಲಿ ಸುದೀಪ್ ಬರುತ್ತಾರಲ್ಲ, ಅಸ್ಲಂ ಖಾನ್, ಆಯುಧದ ವ್ಯಾಪಾರಿ. ತನ್ನ ಕತ್ತಿಯ ಬಗ್ಗೆ ಕೊಚ್ಚಿಕೊಂಡು ಬರುತ್ತಾನೆ. ಕಟ್ಟಪ್ಪ ಅದನ್ನು ಪರೀಕ್ಷಿಸುತ್ತಾನೆ, ಇಬ್ಬರೂ ಕತ್ತಿ ಹಿಡಿಯುತ್ತಾರೆ, ಮುದುಕನ ಕೈಚಳಕಕ್ಕೆ ಖಾನ್ ಬೆರಗಾಗುತ್ತಾನೆ. ಇಂಥ ವೀರ ಒಬ್ಬ ಗುಲಾಮ ಎಂದು ತಿಳಿದಾಗ ಅವನಿಗೆ ಬೇಸರವಾಗುತ್ತದೆ. ನಿನ್ನನ್ನು ಬಿಡಿಸುತ್ತೇನೆ ಎನ್ನುತ್ತಾನೆ. ಕಟ್ಟಪ್ಪ ಬೇಡವೆನ್ನುತ್ತಾನೆ. ನಮ್ಮ ಹಿರಿಯರು ಈ ಸಿಂಹಾಸನಕ್ಕೆ ಮಾತು ಕೊಟ್ಟಿದ್ದಾರೆ, ಅದನ್ನು ಮೀರುವ ಹಾಗಿಲ್ಲ ಎಂದು ಮುಗಿಸಿಬಿಡುತ್ತಾನೆ.

ಈ ದೃಶ್ಯವನ್ನು ಎತ್ತಿದ ಕೂಡಲೇ ಒಬ್ಬರಾದರೂ ಹೇಳುತ್ತಾರೆ: “ಅದು ಮೊದಲ ಭಾಗ. ಆಗ ಬೇಡವೆಂದವನಿಗೆ ಆಮೇಲೆ ಮನಸ್ಸು ಬದಲಾಗಿರಬಹುದು.” ಇಲ್ಲಿಯೇ ಎಡವುವುದು! ಸಿನಿಮಾದಲ್ಲಿ ಮೊದಲು ಬಂದದ್ದೆಲ್ಲ ಕಥೆಯಲ್ಲಿ ಮೊದಲು ನಡೆದದ್ದಲ್ಲ. ಖಾನ್ ಬರುವುದು ಭಲ್ಲಾಳದೇವ ರಾಜನಾಗಿ ಕಾಲು ಶತಮಾನ ಕಳೆದ ಮೇಲೆ. ಅಂದರೆ ಕೊಲೆ ಆಗಿ ಎಷ್ಟೋ ವರ್ಷ ಸಂದಿದೆ. ಅಂಗಳದಲ್ಲಿ ದೇವಸೇನೆ ಸಂಕೋಲೆಯಲ್ಲಿದ್ದಾಳೆ. ಬಾಹುಬಲಿ ಬದುಕಿಲ್ಲ, ಶಿವಗಾಮಿಯೂ ಇಲ್ಲ. ಕಟ್ಟಪ್ಪನನ್ನು ಮಾಹಿಷ್ಮತಿಗೆ ಕಟ್ಟಿಹಾಕುವಂಥ ಪ್ರೀತಿಯ ಮುಖ ಅರಮನೆಯೊಳಗೆ ಒಂದೂ ಉಳಿದಿಲ್ಲ. ಅಂಥ ಹೊತ್ತಿನಲ್ಲಿ ಬಿಡುಗಡೆ ತಾನಾಗಿ ಬಾಗಿಲಿಗೆ ಬಂದರೂ ಅವನು ಒಲ್ಲೆನೆಂದ. ಬಿಡುಗಡೆಯ ಆಸೆಗೆ ಸಾಕಿದ ಹುಡುಗನನ್ನೇ ಇರಿದವನು, ಪುಕ್ಕಟೆಯಾಗಿ ಸಿಕ್ಕಿದ ಬಿಡುಗಡೆಯನ್ನು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸುತ್ತಾನೆಯೇ? ಕಾಲಕ್ರಮ ಒಂದನ್ನು ಸರಿ ಮಾಡಿಕೊಂಡರೆ ಈ ವಾದ ಅಲ್ಲಿಗೇ ಮಲಗುತ್ತದೆ.

ಆಸೆಯ ಈ ಕಥೆ ಹುಟ್ಟಿದ್ದೆಲ್ಲಿ ಎಂಬುದಕ್ಕೂ ನನಗೊಂದು ಅಂದಾಜುಂಟು. ಆನಂದ್ ನೀಲಕಂಠನ್ ಬರೆದ ಪೂರ್ವಕಥೆಯ ಇಂಗ್ಲಿಷ್ ಕಾದಂಬರಿ 2017ರಲ್ಲೇ ಬಂತು. ಗುಲಾಮಗಿರಿಯ ಮೇಲೆ ಕುದಿಯುವ, ಬಿಡುಗಡೆಗೆ ಹಂಬಲಿಸುವ ಪಾತ್ರ ಅದರಲ್ಲಿದೆ. ಆದರೆ ಅದು ಕಟ್ಟಪ್ಪನ ತಮ್ಮ ಶಿವಪ್ಪ. ತಮ್ಮನ ಆಸೆಯನ್ನು ಯಾರೋ ಅಣ್ಣನ ತಲೆಗೆ ಕಟ್ಟಿರಬೇಕು. ಅದೇನೇ ಇರಲಿ, ಕಾದಂಬರಿಯಲ್ಲಿ ಇರುವುದು ತೆರೆಯ ಮೇಲಿನ ಸಾಕ್ಷಿ ಆಗುವುದಿಲ್ಲ.

ಇನ್ನು ಬುದ್ಧಿವಂತರ ವಾದ. ಇದನ್ನು ಹೆಚ್ಚಾಗಿ ಕಾಲೇಜಿನ ಹುಡುಗರು ಕೇಳುತ್ತಾರೆ, ಕೇಳಿದರೆ ನನಗೂ ಖುಷಿಯಾಗುತ್ತದೆ: “ಸರ್, ಹಿಂದಿನ ಕಥೆಯನ್ನು ಬಾಹುಬಲಿಯ ಮಗ ಮಹೇಂದ್ರನಿಗೆ ಹೇಳುವವನೇ ಕಟ್ಟಪ್ಪ. ತನ್ನ ತಪ್ಪು ಮುಚ್ಚಲಿಕ್ಕೆ ಶಿವಗಾಮಿಯ ಮೇಲೆ ಹಾಕಿರಬಹುದಲ್ಲ? ಅವಳು ಸತ್ತು ಎಷ್ಟೋ ವರ್ಷ ಆಗಿದೆ, ಅಲ್ಲವೆನ್ನಲು ಯಾರಿದ್ದಾರೆ?” ಒಳ್ಳೆಯ ಪ್ರಶ್ನೆ, ಹೇಳುವವನನ್ನು ಸಂಶಯಿಸಲೇಬೇಕು. ಆದರೆ ಆ ಹಿಂದಿನ ಕಥೆಯನ್ನು ಇನ್ನೊಮ್ಮೆ ನೋಡಿ. ಭಲ್ಲಾಳನೂ ಬಿಜ್ಜಳನೂ ಇಬ್ಬರೇ ಕುಳಿತು ಮಸಲತ್ತು ಮಾಡುವ ದೃಶ್ಯಗಳಿವೆ. ಆ ಕೋಣೆಯಲ್ಲಿ ಕಟ್ಟಪ್ಪ ಇಲ್ಲ. ಅವನು ಕಾಣದ್ದನ್ನೂ ಕ್ಯಾಮೆರಾ ನಮಗೆ ತೋರಿಸುತ್ತಿದೆ ಎಂದಾದರೆ, ಅದು ಅವನ ಬಾಯಿಮಾತನ್ನಷ್ಟೇ ನಂಬಿ ನಡೆಯುತ್ತಿಲ್ಲ. ಮೊದಲ ಭಾಗದ ಆರಂಭವೂ ಅಷ್ಟೇ: ಬೆನ್ನಿಗೆ ಬಾಣ ನೆಟ್ಟ ಶಿವಗಾಮಿ ಹೊಳೆಯಲ್ಲಿ ಮುಳುಗುತ್ತಾ ಕೂಸನ್ನು ಒಂದೇ ಕೈಯಲ್ಲಿ ಮೇಲೆತ್ತಿ ಹಿಡಿಯುತ್ತಾಳೆ. ಕಟ್ಟಪ್ಪ ಬಾಯಿ ಬಿಡುವುದಕ್ಕೆ ಎಷ್ಟೋ ಮೊದಲು ನಾವು ಕಂಡದ್ದು ಅದು, ಅವನು ಆಮೇಲೆ ಹೇಳುವುದಕ್ಕೆ ಸರಿಯಾಗಿ ಕೂಡುತ್ತದೆ. ಸುಳ್ಳು ಹೇಳುವವನು ‘ಕೊಂದವನು ನಾನೇ’ ಎಂದು ಸತ್ತವನ ಮಗನ ಎದುರು ಬಾಯಿಬಿಟ್ಟು ಶುರು ಮಾಡುತ್ತಾನೆಯೇ? ಭಲ್ಲಾಳ ಕೊಂದ ಎಂದರೆ ಆಯಿತಲ್ಲ. ಮಗ ನಂಬುತ್ತಿದ್ದ, ಊರೂ ನಂಬುತ್ತಿತ್ತು.

2015ರ ಜುಲೈಯಲ್ಲಿ ಮೊದಲ ಭಾಗ ಬಂದ ಮೇಲಿನ ಎರಡು ವರ್ಷಕ್ಕೆ ಮಾತ್ರ ನಾನು ರಿಯಾಯಿತಿ ಕೊಡುತ್ತೇನೆ. ಆಗ ಸಾಕ್ಷಿಯೇ ಅರ್ಧ ಇತ್ತು. ಬಾಹುಬಲಿ ತಾನೇ ಕೊಲ್ಲಲು ಹೇಳಿದ, ಬಾಹುಬಲಿ ಸತ್ತೇ ಇಲ್ಲ, ಹೀಗೆ ತಲೆಗೊಂದು ಊಹೆ. ಅರ್ಧ ಕಥೆ ಕೈಗೆ ಕೊಟ್ಟರೆ ಉಳಿದರ್ಧವನ್ನು ಜನ ಕಟ್ಟಿಕೊಳ್ಳುವುದು ಸಹಜ. ಗಡಿಯಾಚೆ ಕರ್ನಾಟಕದಲ್ಲಿ ಆ ಹೊತ್ತಿಗೆ ಚರ್ಚೆ ಪಾತ್ರವನ್ನು ಬಿಟ್ಟು ನಟನ ಕಡೆ ತಿರುಗಿತ್ತು. ಕಾವೇರಿ ವಿಚಾರದಲ್ಲಿ ಹಿಂದೆ ಆಡಿದ್ದ ಮಾತಿಗೆ ಸತ್ಯರಾಜ್ ವಿಷಾದ ಹೇಳಿದ ಮೇಲೆಯೇ ಅಲ್ಲಿ ಚಿತ್ರದ ದಾರಿ ಸಲೀಸಾದದ್ದು. ಪೂರ್ತಿ ಸಾಕ್ಷಿ ಕೈಗೆ ಬಂದ ಮೇಲೂ ಹಳೆಯ ಊಹೆಯನ್ನೇ ಹಿಡಿದು ನೇತಾಡುವವರಿಗೆ ರಿಯಾಯಿತಿ ಇಲ್ಲ.

ನಮ್ಮ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕೇ ಎಂಬುದು ನನ್ನ ಬೇಸರ. ತಾಳಮದ್ದಳೆ ಕೇಳಿ ಬೆಳೆದವರು ನಾವು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮಾತಿಗೆ ನಿಂತರೆ ಸಭೆಗೆ ರಾಮನ ಮೇಲೆಯೇ ಸಂಶಯ ಬರುವಂತಿತ್ತು. ಆದರೂ ಭಾಗವತರು ಹಾಡಿದ ಪದ್ಯದಲ್ಲಿ ವಾಲಿ ಬೀಳುತ್ತಾನೆ ಎಂದಿದ್ದರೆ ಬೀಳಲೇಬೇಕು. ಪದ್ಯ ಎಲ್ಲಿ ಸುಮ್ಮನಿದೆಯೋ ಅಲ್ಲಿ ಅರ್ಥಧಾರಿಗೆ ಬೇಕಾದಷ್ಟು ಜಾಗ. ಪದ್ಯ ಬಾಯಿಬಿಟ್ಟು ಹೇಳಿದ್ದನ್ನು ಮಗುಚಿದರೆ ಎದುರಿನ ಅರ್ಥಧಾರಿ ಬಿಡುವುದಿಲ್ಲ, ಚಾಪೆಯ ಮೇಲೆ ಕುಳಿತ ಅಜ್ಜಂದಿರೂ ಬಿಡುವುದಿಲ್ಲ. ಕಟ್ಟಪ್ಪನ ಮನಸ್ಸಿನಲ್ಲಿ ಇರಿಯುವ ಕ್ಷಣಕ್ಕೆ ಏನು ಓಡುತ್ತಿತ್ತು ಎಂಬುದು ನಿಮ್ಮ ಅರ್ಥಕ್ಕೆ ಬಿಟ್ಟದ್ದು, ರಾತ್ರಿಯಿಡೀ ಹೇಳಿ. ಯಾರು ಆಜ್ಞೆ ಕೊಟ್ಟರು ಎಂಬುದು ಮಾತ್ರ ಪದ್ಯದಲ್ಲೇ ಉಂಟು.

ಹಾಗಾದರೆ ಅವನು ಯಾರ ಕಡೆ? ಯಾವ ಮನುಷ್ಯನ ಕಡೆಯೂ ಅಲ್ಲ, ಸಿಂಹಾಸನದ ಕಡೆ. ಬಾಹುಬಲಿಯನ್ನು ಅವನು ಪ್ರೀತಿಸಿದ, ಅದರಲ್ಲಿ ಸಂಶಯವಿಲ್ಲ. ಕುಂತಳಕ್ಕೆ ಮಾರುವೇಷದಲ್ಲಿ ಹೋದಾಗಿನ ಆ ಚೇಷ್ಟೆಗಳನ್ನು ನೋಡಿದರೆ ಸಾಕು, ಮಾವ–ಅಳಿಯ ಎಂಬ ಸಲಿಗೆ ಬರಿಯ ಬಾಯಿಮಾತಲ್ಲ. ಆದರೆ ಪ್ರೀತಿ ಬೇರೆ, ಕೊಟ್ಟ ಮಾತು ಬೇರೆ. ಎರಡೂ ಒಂದಕ್ಕೊಂದು ಎದುರಾದಾಗ ಅವನು ಯಾವುದನ್ನು ಹಿಡಿದ ಎಂಬುದೇ ಆ ಕೊಲೆ.

ಇಲ್ಲಿ ಒಂದು ಪಟ್ಟು ಹಾಕುವವರಿದ್ದಾರೆ. ಸಿಂಹಾಸನಕ್ಕೆ ನಿಷ್ಠನಾದರೆ, ಭಲ್ಲಾಳದೇವ ಇನ್ನೂ ರಾಜನಾಗಿರುವಾಗಲೇ ಮಹೇಂದ್ರನ ಪಾದವನ್ನು ತಲೆಯ ಮೇಲೆ ಇಟ್ಟುಕೊಂಡದ್ದು ಹೇಗೆ? ಅದು ರಾಜದ್ರೋಹ ಅಲ್ಲವೇ? 2015ರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸತ್ತವನದ್ದೇ ಮುಖ ಕಂಡು ಕರಗಿದ ಎಂದೇ ಎಲ್ಲರೂ ಅಂದುಕೊಂಡೆವು. ಉತ್ತರ ಬಂದದ್ದು ಎರಡನೇ ಭಾಗದಲ್ಲಿ, ಕೊಲೆಯ ಗಲಾಟೆಯ ನಡುವೆ ಎಲ್ಲರೂ ಮರೆತುಬಿಡುವ ಒಂದು ಜಾಗದಲ್ಲಿ. ಬಾಹುಬಲಿಯನ್ನು ಕೊಂದ ಮೇಲೆ ಭಲ್ಲಾಳನ ಬಾಯಿಂದಲೇ ನಿಜ ಹೊರಬೀಳುತ್ತದೆ. ಕಟ್ಟಪ್ಪ ನೇರ ಶಿವಗಾಮಿಯ ಹತ್ತಿರ ಹೋಗಿ ಅದನ್ನು ಅವಳ ಮುಖಕ್ಕೇ ಹೇಳುತ್ತಾನೆ. ಭಲ್ಲಾಳನ ಕಡೆಯವನಾದರೆ ಆ ಹೊತ್ತಿಗೆ ಅಲ್ಲಿಗೆ ಓಡಬೇಕಾದ ದರ್ದು ಏನಿತ್ತು? ಆಗ ಶಿವಗಾಮಿ ಆಗಷ್ಟೇ ಹುಟ್ಟಿದ ಕೂಸನ್ನು ಎತ್ತಿಕೊಂಡು ಹೊರಗೆ ಬಂದು, ನೆರೆದ ಜನರ ಎದುರು ಇವನೇ ನಿಮ್ಮ ರಾಜ, ಮಹೇಂದ್ರ ಬಾಹುಬಲಿ ಎಂದು ಸಾರುತ್ತಾಳೆ.

ಆ ಘೋಷಣೆಯನ್ನು ಹಿಂತೆಗೆದವರು ಯಾರೂ ಇಲ್ಲ. ಆ ಕ್ಷಣದಿಂದ ಕಟ್ಟಪ್ಪನ ಲೆಕ್ಕದಲ್ಲಿ ರಾಜ ಮಹೇಂದ್ರ, ಆದರೆ ಅವನು ಹೊಳೆಯ ಪಾಲಾದ ಎಂಬ ನಂಬಿಕೆ. ರಾಜನಿಲ್ಲದ ಸಿಂಹಾಸನದಲ್ಲಿ ಭಲ್ಲಾಳ ಕುಳಿತ, ಮಾತು ಕೊಟ್ಟ ವಂಶದವನು ಅದರ ಕೆಳಗೆ ನಿಂತ. ಇಪ್ಪತ್ತೈದು ವರ್ಷದ ಚಾಕರಿಗೆ ಅರ್ಥ ಅಷ್ಟೇ. ರಾಜ ಜೀವಂತ ಎದುರು ಬಂದಾಗ ಯಾರ ಅಪ್ಪಣೆಗೂ ಕಾಯದೆ ಮಂಡಿಯೂರಿದ. ಪಕ್ಷ ಬದಲಾಯಿಸಿದ ಎನ್ನುವವರು ಈ ಒಂದು ದೃಶ್ಯ ಬರುವಾಗ ದಯವಿಟ್ಟು ಮೊಬೈಲು ಬದಿಗಿಟ್ಟು ನೋಡಿ.

ಈ ನಿಷ್ಠೆ ಒಳ್ಳೆಯದೋ ಎಂದು ಕೇಳಿದರೆ, ನನಗೇನೂ ಅಷ್ಟು ಗೌರವವಿಲ್ಲ. ಭೀಷ್ಮನೂ ಹೀಗೆಯೇ ಹಸ್ತಿನಾವತಿಯ ಗದ್ದುಗೆಗೆ ಕಟ್ಟುಬಿದ್ದು ದ್ರೌಪದಿಯ ಮಾನ ಹೋಗುವಾಗ ಸುಮ್ಮನೆ ಕುಳಿತ. ಯುದ್ಧದ ಮೊದಲು ಆಶೀರ್ವಾದಕ್ಕೆ ಬಂದ ಧರ್ಮರಾಯನ ಹತ್ತಿರ ‘ಅರ್ಥಸ್ಯ ಪುರುಷೋ ದಾಸಃ’, ಮನುಷ್ಯ ಹಣದ ಗುಲಾಮ, ಎಂದು ತಾನೇ ಒಪ್ಪಿಕೊಂಡ. ಭೀಷ್ಮನಿಗೆ ಕೌರವರ ಅನ್ನದ ಋಣವಿತ್ತು, ಕಟ್ಟಪ್ಪನಿಗೆ ಅಂಥದ್ದೂ ಇರಲಿಲ್ಲ, ಅಜ್ಜಂದಿರ ಮಾತಿನ ಋಣ ಮಾತ್ರ. ಸಂಕೋಲೆಯಲ್ಲಿದ್ದ ದೇವಸೇನೆಯನ್ನು ದಿನಾ ನೋಡಿಯೂ ಆ ಮಾತು ಅವನಿಗೆ ಭಾರವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವನು ಅದನ್ನು ಇಳಿಸಲೂ ಇಲ್ಲ. ಅವನನ್ನು ಬೈಯುವುದಾದರೆ ಇದಕ್ಕೆ ಬೈಯಿರಿ, ಮಾಡದ ದ್ರೋಹಕ್ಕೆ ಯಾಕೆ?

ಅಂದ ಹಾಗೆ, ಇಷ್ಟು ಜನ ಕಟ್ಟಪ್ಪನ ಬಗ್ಗೆ ಕೇಳುತ್ತೀರಿ, ಅಸ್ಲಂ ಖಾನನ ಬಗ್ಗೆ ಸರಿಯಾಗಿ ಕೇಳಿದವರಿಲ್ಲ. ಯಾವಾಗ ಬೇಕಾದರೂ ಕರೆ, ಬರುತ್ತೇನೆ ಎಂದು ಕಟ್ಟಪ್ಪನಿಗೆ ಮಾತು ಕೊಟ್ಟು ಹೋದವನು ಅವನು. ಎರಡನೇ ಭಾಗದಲ್ಲಿ ಸುದೀಪ್ ಸೈನ್ಯ ಕಟ್ಟಿಕೊಂಡು ಬಂದೇ ಬರುತ್ತಾರೆಂದು ಕನ್ನಡದವರು ಕಾದದ್ದೇ ಕಾದದ್ದು, ಬರಲಿಲ್ಲ. ಮಾತಿಗೆ ತಪ್ಪಿದನೇ? ಇದಕ್ಕೂ ಊಹೆಗಳುಂಟು: ತೆಗೆದ ದೃಶ್ಯ ಕತ್ತರಿಸಿದರು, ಅವನೂ ಭಲ್ಲಾಳನ ಗೂಢಚಾರ, ಇತ್ಯಾದಿ. ನಾನು ಮೇಲೆ ಹೇಳಿದ ಕ್ರಮದಲ್ಲೇ ನೋಡಿ. ಕೊಟ್ಟ ಮಾತು, ಕರೆದರೆ ಬರುತ್ತೇನೆ ಎಂದು. ಮಹೇಂದ್ರನ ಜೊತೆ ಮಾಹಿಷ್ಮತಿಯ ಕೋಟೆಗೆ ನುಗ್ಗುವ ತನಕ ಕಟ್ಟಪ್ಪ ಊರವರನ್ನು ಸೇರಿಸುತ್ತಾನೆ, ಕತ್ತಿ ಹಿಡಿಯುತ್ತಾನೆ. ಖಾನನಿಗೆ ಒಂದು ಓಲೆ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದರೆ ಯಾವ ದೃಶ್ಯದಲ್ಲಿ ಎಂದು ತಿಳಿಸಿ, ನೋಡುವ.