ಬರ್ನಾರ್ಡ್ ನಕ್ಷತ್ರದ ಗ್ರಹಗಳು: ಎರಡು ಸಲ ಅಳಿಸಿಹೋಗಿ ಮೂರನೆಯ ಸಲ ನಿಂತದ್ದು

ಸೂರ್ಯನಿಂದ ಸುಮಾರು 5.96 ಜ್ಯೋತಿರ್ವರ್ಷ ದೂರದಲ್ಲಿರುವ ಬರ್ನಾರ್ಡ್ ನಕ್ಷತ್ರದ ಸುತ್ತ ನಾಲ್ಕು ಪುಟ್ಟ ಗ್ರಹಗಳಿವೆಯೆಂದು 2025ರ ಮಾರ್ಚ್‌ನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ರಿತ್ವಿಕ್ ಬಸಂತ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಪತ್ರಿಕೆಗಳು ಇದನ್ನು ಹೊಸ ಲೋಕಗಳ ಶೋಧವೆಂದು ವರದಿ ಮಾಡಿದವು. ಆದರೆ ಈ ನಕ್ಷತ್ರದ ಚರಿತ್ರೆ ಬಲ್ಲವರು ಅಷ್ಟು ಸುಲಭವಾಗಿ ಸಂಭ್ರಮಿಸುವವರಲ್ಲ. ಇದಕ್ಕೆ ಗ್ರಹಗಳಿವೆಯೆಂಬ ಘೋಷಣೆ ಮೊದಲು ಬಂದದ್ದು 1963ರಲ್ಲಿ, ಮತ್ತೆ ಬಂದದ್ದು 2018ರಲ್ಲಿ. ಎರಡೂ ಸಲ ಘೋಷಿಸಿದವರು ಹೆಸರಾಂತ ವಿಜ್ಞಾನಿಗಳು, ಎರಡೂ ಸಲ ಅವರ ಹಿಂದೆ ದಶಕಗಳ ವೀಕ್ಷಣೆಯಿತ್ತು, ಎರಡೂ ಸಲ ಗ್ರಹ ಉಳಿಯಲಿಲ್ಲ. ಹಾಗಿರುವಾಗ ಮೂರನೆಯ ಘೋಷಣೆಯನ್ನು ನಂಬಲು ಕಾರಣವೇನು ಎಂಬುದನ್ನು ತಿಳಿಯಬೇಕಾದರೆ ಹಿಂದಿನ ಎರಡು ಏಕೆ ಬಿದ್ದವೆಂಬುದನ್ನು ತುಸು ವಿವರವಾಗಿಯೇ ನೋಡಬೇಕು.

ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳನ್ನು ಬಿಟ್ಟರೆ ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರ ಇದೇ. ಹಾಗಿದ್ದೂ ಬರಿಗಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಇದೊಂದು ಕೆಂಪು ಕುಬ್ಜ: ದ್ರವ್ಯರಾಶಿ ಸೂರ್ಯನ ಆರನೇ ಒಂದು ಭಾಗದಷ್ಟು, ಒಟ್ಟು ಬೆಳಕು ಸೂರ್ಯನದರ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಉರಗಧರ ಪುಂಜದಲ್ಲಿ, ಖಗೋಳದ ವಿಷುವದ್ವೃತ್ತದ ಸಮೀಪವೇ ಇರುವುದರಿಂದ ಕರ್ನಾಟಕದ ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೆ ಬರುತ್ತದೆ. ಸಣ್ಣ ದೂರದರ್ಶಕಕ್ಕೂ ಸಿಗುತ್ತದೆ. ನಡುರಾತ್ರಿಯಲ್ಲಿ ಅದು ನೆತ್ತಿಯ ಹತ್ತಿರ ಬರುವ ಜೂನ್ ತಿಂಗಳೇ ನಮ್ಮಲ್ಲಿ ಮಳೆ ಹಿಡಿಯುವ ಕಾಲವೂ ಆಗಿರುವುದು ಮಾತ್ರ ಇಲ್ಲಿನ ವೀಕ್ಷಕರ ದುರದೃಷ್ಟ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ 1916ರಲ್ಲಿ, ತಾವೇ 1894ರಲ್ಲಿ ತೆಗೆದಿದ್ದ ಫೋಟೋ ಪ್ಲೇಟಿನೊಡನೆ ಹೊಸ ಪ್ಲೇಟನ್ನು ಹೋಲಿಸುವಾಗ ಈ ಮಸುಕು ಚುಕ್ಕೆ ಜಾಗ ಬದಲಿಸಿರುವುದನ್ನು ಗಮನಿಸಿದರು. ವರ್ಷಕ್ಕೆ 10.3 ಆರ್ಕ್‌ಸೆಕೆಂಡಿನಷ್ಟು ಸರಿಯುವ ಇದರಷ್ಟು ವೇಗವಾಗಿ ನಮ್ಮ ಆಕಾಶದಲ್ಲಿ ಬೇರಾವ ನಕ್ಷತ್ರವೂ ಸರಿಯುವುದಿಲ್ಲ. ಹುಣ್ಣಿಮೆ ಚಂದ್ರನ ಅಗಲದಷ್ಟು ದೂರವನ್ನು ಇದು ಹೆಚ್ಚುಕಡಿಮೆ 175 ವರ್ಷಗಳಲ್ಲಿ ಕ್ರಮಿಸುತ್ತದೆ.

ಈ ಚಲನೆಯೇ ಪೀಟರ್ ವ್ಯಾನ್ ಡಿ ಕ್ಯಾಂಪ್ ಅವರನ್ನು ಸೆಳೆದದ್ದು. ಹಾಲೆಂಡ್‌ನಲ್ಲಿ ಹುಟ್ಟಿದ ಅವರು ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯದ ನಿರ್ದೇಶಕರಾದದ್ದು 1937ರಲ್ಲಿ. ಮರುವರ್ಷದಿಂದಲೇ ಅಲ್ಲಿನ 61 ಸೆಂಟಿಮೀಟರ್ ಮಸೂರದ ದೂರದರ್ಶಕದಿಂದ ಬರ್ನಾರ್ಡ್ ನಕ್ಷತ್ರದ ಚಿತ್ರಗಳನ್ನು ಕ್ರಮವಾಗಿ ತೆಗೆಯಲಾರಂಭಿಸಿದರು. ಅವರ ತರ್ಕ ಸರಳವಾಗಿತ್ತು. ಒಂಟಿ ನಕ್ಷತ್ರವಾದರೆ ಆಕಾಶದಲ್ಲಿ ನೇರ ಗೆರೆ ಹಿಡಿದು ಸಾಗಬೇಕು. ಕಾಣದ ಜೊತೆಗಾರನೊಂದಿದ್ದರೆ ಅದರ ಗುರುತ್ವದ ಸೆಳೆತಕ್ಕೆ ಆ ಗೆರೆ ಅಲೆಯಂತೆ ಆಚೀಚೆ ಬಾಗಬೇಕು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಕಾಣುವ ವಾರ್ಷಿಕ ತೂಗಾಟವನ್ನೂ ನಕ್ಷತ್ರದ ಸ್ವಂತ ಓಟವನ್ನೂ ಕಳೆದ ಮೇಲೆ ಉಳಿಯುವ ಬಾಗು ಗ್ರಹದ್ದು. ತರ್ಕದಲ್ಲಿ ದೋಷವಿಲ್ಲ, ಕಷ್ಟವಿದ್ದದ್ದು ಅಳತೆಯ ಸೂಕ್ಷ್ಮತೆಯಲ್ಲಿ. ಅವರು ಹುಡುಕುತ್ತಿದ್ದ ಬಾಗು ಗಾಜಿನ ಪ್ಲೇಟಿನ ಮೇಲೆ ಹೆಚ್ಚುಕಡಿಮೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಇಷ್ಟು ಸಣ್ಣ ಅಂತರವನ್ನು ಒಂದೇ ಚಿತ್ರದಿಂದ ಅಳೆಯಲಾಗದೆಂದು ವ್ಯಾನ್ ಡಿ ಕ್ಯಾಂಪ್ ಬಲ್ಲವರಾಗಿದ್ದರು. ಆದ್ದರಿಂದ ಸಾವಿರಾರು ಚಿತ್ರಗಳನ್ನು ಸೇರಿಸಿ, ಅಳೆಯುವವರ ಕಣ್ಣಿನ ವೈಯಕ್ತಿಕ ದೋಷ ಕಳೆಯಲೆಂದು ಹಲವು ಮಂದಿಯಿಂದ ಅಳೆಸಿ, ಸರಾಸರಿ ಹಿಡಿಯುವ ಮಾರ್ಗವನ್ನು ಆರಿಸಿಕೊಂಡರು. 2,400ಕ್ಕೂ ಹೆಚ್ಚು ಪ್ಲೇಟುಗಳ ಆಧಾರದ ಮೇಲೆ 1963ರಲ್ಲಿ ಅವರು ಪ್ರಕಟಿಸಿದ ತೀರ್ಮಾನದ ಪ್ರಕಾರ, ಗುರುಗ್ರಹದ 1.6 ಪಟ್ಟು ದ್ರವ್ಯರಾಶಿಯ ಗ್ರಹವೊಂದು 24 ವರ್ಷಕ್ಕೊಮ್ಮೆ ಬರ್ನಾರ್ಡ್ ನಕ್ಷತ್ರವನ್ನು ಸುತ್ತುತ್ತಿತ್ತು. 1969ರ ಹೊತ್ತಿಗೆ ಆ ಒಂದು ಗ್ರಹ ಎರಡಾಯಿತು: ಒಂದಕ್ಕೆ 26 ವರ್ಷದ ಕಕ್ಷೆ, ಇನ್ನೊಂದಕ್ಕೆ 12 ವರ್ಷದ್ದು. ಎರಡೂ ಗುರುವಿನ ಆಸುಪಾಸಿನ ತೂಕದವು, ಕಕ್ಷೆಗಳು ದುಂಡಗೆ. ನೋಡಿದರೆ ನಮ್ಮ ಸೌರವ್ಯೂಹದ್ದೇ ತಮ್ಮನಂತಿದ್ದ ಆ ಚಿತ್ರ ಓದುಗರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆ ಸೂರ್ಯನ ಸುತ್ತ ಗ್ರಹವಿರುವುದಕ್ಕೆ ಉದಾಹರಣೆಯೆಂದು ಬರ್ನಾರ್ಡ್ ನಕ್ಷತ್ರವನ್ನು ಪಠ್ಯಗಳು ಹೆಸರಿಸತೊಡಗಿದವು. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ 1973ರಿಂದ 1978ರವರೆಗೆ ಕಾಗದದ ಮೇಲೆ ರೂಪಿಸಿದ ಡೀಡಲಸ್ ಎಂಬ ಮಾನವರಹಿತ ಅಂತರತಾರಾ ನೌಕೆಗೂ ಇದೇ ಗುರಿಯಾಗಿತ್ತು. ಬೆಳಕಿನ ವೇಗದ ಶೇಕಡಾ 12ರಲ್ಲಿ ಹೋಗಿ ಸುಮಾರು 50 ವರ್ಷದಲ್ಲಿ ತಲುಪುವ ಲೆಕ್ಕ. ವಿಪರ್ಯಾಸವೆಂದರೆ, ಆ ಅಧ್ಯಯನ ಶುರುವಾದ ವರ್ಷವೇ ಗ್ರಹಗಳು ಕುಸಿದವು.

1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಖ್ ಐಖ್‌ಹಾರ್ನ್ ಬೇರೆ ವೀಕ್ಷಣಾಲಯಗಳಾದ ಅಲೆಗೆನಿ ಮತ್ತು ವ್ಯಾನ್ ವ್ಲೆಕ್‌ಗಳ ಪ್ಲೇಟುಗಳನ್ನು, ಮನುಷ್ಯರ ಕಣ್ಣಿನ ಬದಲು ಯಂತ್ರದಿಂದ ಅಳೆದು ನೋಡಿದರು. ಬಾಗು ಕಾಣಲಿಲ್ಲ. ತಮ್ಮ ಹುಡುಕಾಟ ಫಲಿಸಲಿಲ್ಲವೆಂಬುದನ್ನು ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಹೇಳಿಬಿಟ್ಟಿದ್ದರು. ಅದೇ ವರ್ಷ ಇನ್ನೂ ತೀಕ್ಷ್ಣವಾದ ಪೆಟ್ಟು ಬಿದ್ದದ್ದು ಸ್ಪ್ರೌಲ್‌ನ ಒಳಗಿನಿಂದಲೇ. ಅಲ್ಲಿನ ಜಾನ್ ಹರ್ಷಿ ಅದೇ ದೂರದರ್ಶಕದ ಪ್ಲೇಟುಗಳಲ್ಲಿ ಬೇರೆ ನಕ್ಷತ್ರಗಳ ದಾರಿಯನ್ನು ಪರಿಶೀಲಿಸಿದಾಗ, ಗ್ಲೀಸ್ 793 ಎಂಬ ನಕ್ಷತ್ರವೂ ಬರ್ನಾರ್ಡ್ ನಕ್ಷತ್ರದ ಹಾಗೆಯೇ, ಅದೇ ವರ್ಷಗಳಲ್ಲಿ ಆಚೀಚೆ ಜಿಗಿದಿರುವುದು ಕಂಡಿತು. ಆಕಾಶದ ಬೇರೆ ಬೇರೆ ಮೂಲೆಗಳಲ್ಲಿರುವ ಎರಡು ನಕ್ಷತ್ರಗಳನ್ನು ಒಂದೇ ಗ್ರಹ ಎಳೆಯಲಾರದು. ಜಿಗಿತಗಳು 1949 ಮತ್ತು 1957ರ ಸುತ್ತ ಇದ್ದವು, ಮತ್ತು ಅವು ದೂರದರ್ಶಕದ ಮಸೂರವನ್ನು ಹಿಡಿದಿಡುವ ಚೌಕಟ್ಟನ್ನು ಬದಲಿಸಿದ, ಮಸೂರವನ್ನು ಸರಿಹೊಂದಿಸಿದ ಕಾಲಕ್ಕೆ ತಾಳೆಯಾಗುತ್ತಿದ್ದವು. ಅಂದರೆ ವ್ಯಾನ್ ಡಿ ಕ್ಯಾಂಪ್ ಕಾಲು ಶತಮಾನ ಅಳೆದದ್ದರಲ್ಲಿ ತಮ್ಮ ಉಪಕರಣದ ಚರಿತ್ರೆಯೂ ಬೆರೆತಿತ್ತು. ಎಷ್ಟು ಸಾವಿರ ಪ್ಲೇಟುಗಳ ಸರಾಸರಿ ತೆಗೆದರೂ ಎಲ್ಲ ಪ್ಲೇಟುಗಳಿಗೂ ಸಮಾನವಾಗಿರುವ ದೋಷ ಕಳೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ತಿರುಳು ಇಷ್ಟೇ.

ವ್ಯಾನ್ ಡಿ ಕ್ಯಾಂಪ್ ಇದನ್ನು ಒಪ್ಪಲಿಲ್ಲ. ನಿವೃತ್ತರಾದ ಮೇಲೂ, 1980ರ ದಶಕದಲ್ಲೂ, ಎರಡು ಗ್ರಹಗಳ ಲೆಕ್ಕವನ್ನು ಪರಿಷ್ಕರಿಸಿ ಪ್ರಕಟಿಸಿದರು. ಅವರ ಉತ್ತರಾಧಿಕಾರಿ ವುಲ್ಫ್ ಹೈಂಟ್ಸ್ ಅದೇ ಸ್ಪ್ರೌಲ್‌ನಿಂದ ಅದನ್ನು ಅಲ್ಲಗಳೆಯುತ್ತ ಬಂದರು. ವ್ಯಾನ್ ಡಿ ಕ್ಯಾಂಪ್ ತೀರಿಕೊಂಡದ್ದು 1995ರ ಮೇ ತಿಂಗಳಲ್ಲಿ. ಅದಾಗಿ ಐದು ತಿಂಗಳಿಗೆ, ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲ ಗ್ರಹವನ್ನು ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ಘೋಷಿಸಿದರು. ಗುರುವಿನಂಥ ದೊಡ್ಡ ಗ್ರಹವೊಂದು ಬರ್ನಾರ್ಡ್ ನಕ್ಷತ್ರದ ಬಳಿ ಇಲ್ಲವೆಂಬುದು 1999ರಲ್ಲಿ ಪ್ರಕಟವಾದ ಹಬಲ್ ದೂರದರ್ಶಕದ ಅಳತೆಗಳಿಂದಲೂ, ಆಮೇಲಿನ ವೇಗಮಾಪನಗಳಿಂದಲೂ ಖಚಿತವಾಯಿತು. ವ್ಯಾನ್ ಡಿ ಕ್ಯಾಂಪ್ ಅವರನ್ನು ಹಗುರವಾಗಿ ಕಾಣುವವರು ಒಂದು ಸಂಗತಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಅವರ ಗ್ರಹಗಳನ್ನು ಅಳಿಸಿದ ಗೇಟ್‌ವುಡ್ ಅವರೇ 1996ರಲ್ಲಿ ಲಲಾಂಡ್ 21185 ಎಂಬ ಇನ್ನೊಂದು ಕೆಂಪು ಕುಬ್ಜದ ಸುತ್ತ ಗ್ರಹಗಳನ್ನು ಕಂಡಿರುವುದಾಗಿ ಹೇಳಿದರು, ಅವೂ ದೃಢಪಡಲಿಲ್ಲ.

1995ರ ನಂತರ ಹುಡುಕಾಟದ ವಿಧಾನ ಬದಲಾಯಿತು. ನಕ್ಷತ್ರ ಆಕಾಶದಲ್ಲಿ ಪಕ್ಕಕ್ಕೆ ಸರಿಯುವುದನ್ನು ಅಳೆಯುವ ಬದಲು, ಅದು ನಮ್ಮತ್ತ ಬರುವ ಮತ್ತು ನಮ್ಮಿಂದ ಹಿಂದೆ ಸರಿಯುವ ವೇಗವನ್ನು ಅದರ ಬೆಳಕಿನ ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಡಾಪ್ಲರ್ ಪರಿಣಾಮದ ಮೂಲಕ, ಅಂದರೆ ನಕ್ಷತ್ರ ನಮ್ಮತ್ತ ಬಂದಾಗ ಬೆಳಕಿನ ಅಲೆಗಳು ಕುಗ್ಗುವ, ದೂರ ಸರಿದಾಗ ಹಿಗ್ಗುವ ಗುಣದ ಮೂಲಕ, ಅಳೆಯುವ ಕ್ರಮ ಬಂತು. ಗುರುಗ್ರಹ ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ತೂಗಿಸಿದರೆ ಭೂಮಿ ತೂಗಿಸುವುದು 9 ಸೆಂಟಿಮೀಟರ್ ವೇಗದಲ್ಲಿ. ಕೆಂಪು ಕುಬ್ಜಗಳು ಹಗುರವಾದ್ದರಿಂದ ಸಣ್ಣ ಗ್ರಹವೂ ಅವನ್ನು ಹೆಚ್ಚು ಅಲುಗಿಸುತ್ತದೆ. ಗ್ರಹಶೋಧಕರಿಗೆ ಅವು ಪ್ರಿಯವಾಗಲು ಇದು ಮುಖ್ಯ ಕಾರಣ. ಅವುಗಳ ತೊಡಕಿರುವುದು ಮೇಲ್ಮೈಯಲ್ಲಿ. ಕಾಂತೀಯ ಚಟುವಟಿಕೆಯಿಂದ ಹುಟ್ಟುವ ಕಪ್ಪು ಕಲೆಗಳು ನಕ್ಷತ್ರ ತಿರುಗಿದಂತೆ ನಮ್ಮ ಎದುರಿಗೆ ಬಂದು ಮರೆಯಾಗುವಾಗ ರೋಹಿತದ ಗೆರೆಗಳ ಆಕಾರ ತುಸು ಬದಲಾಗುತ್ತದೆ, ಅದು ನಕ್ಷತ್ರವೇ ಅಲುಗಿದಂತೆ ತೋರುತ್ತದೆ.

2018ರ ನವೆಂಬರ್‌ನಲ್ಲಿ ಸ್ಪೇನ್‌ನ ಇಗ್ನಾಸಿ ರಿಬಾಸ್ ಮುಂದಾಳತ್ವದ ದೊಡ್ಡ ತಂಡ ನೇಚರ್ ಪತ್ರಿಕೆಯಲ್ಲಿ ಬರ್ನಾರ್ಡ್ ನಕ್ಷತ್ರದ ಹೊಸ ಗ್ರಹವನ್ನು ಮಂಡಿಸಿತು. ಏಳು ಉಪಕರಣಗಳಿಂದ ಇಪ್ಪತ್ತು ವರ್ಷಗಳಲ್ಲಿ ಪಡೆದ 771 ಅಳತೆಗಳನ್ನು ಒಟ್ಟುಗೂಡಿಸಿದಾಗ 233 ದಿನಗಳ ಆವರ್ತ ಕಂಡಿತ್ತು. ನಕ್ಷತ್ರದ ವೇಗದಲ್ಲಿ ಸೆಕೆಂಡಿಗೆ 1.2 ಮೀಟರ್, ನಾವು ನಿಧಾನವಾಗಿ ನಡೆಯುವ ವೇಗದಷ್ಟು ಏರಿಳಿತ. ಅದಕ್ಕೆ ಕಾರಣವಾದ ಗ್ರಹ ಭೂಮಿಯ 3.2 ಪಟ್ಟಾದರೂ ಭಾರವಿರಬೇಕು, ಅಲ್ಲಿನ ತಾಪಮಾನ ಸೊನ್ನೆಗಿಂತ 170 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕು ಎಂದು ಲೆಕ್ಕ ಹಾಕಲಾಯಿತು. ಗ್ರಹವಿರುವ ಸಾಧ್ಯತೆ ಶೇಕಡಾ 99ಕ್ಕಿಂತ ಹೆಚ್ಚೆಂಬ ಮಾತು ಎಲ್ಲೆಡೆ ಹರಡಿತು. ಪ್ರಬಂಧದ ಶೀರ್ಷಿಕೆ ಇದನ್ನು ಗ್ರಹವೆನ್ನದೆ ಅಭ್ಯರ್ಥಿ ಎಂದಷ್ಟೇ ಕರೆದಿತ್ತೆಂಬುದನ್ನು ವರದಿಗಳು ಮರೆತವು. ಶೇಕಡಾ 99 ಎಂಬ ಅಂಕಿ ಹೇಳುವುದಾದರೂ ಏನನ್ನು? ನಕ್ಷತ್ರದ ಸ್ವಂತ ಗದ್ದಲ ಹೀಗಿರುತ್ತದೆಂದು ನಾವು ಮೊದಲೇ ಇಟ್ಟುಕೊಂಡ ಊಹೆ ಸರಿಯಿದ್ದರೆ, ಇಂಥ ಸಂಕೇತ ಆಕಸ್ಮಿಕವಾಗಿ ಬರುವ ಸಂಭವ ಕಡಿಮೆ ಎಂಬುದನ್ನಷ್ಟೇ. ಊಹೆಯೇ ತಪ್ಪಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಮೂರು ವರ್ಷ ಕಳೆಯುವುದರೊಳಗೆ ಹಾಗೆಯೇ ಆಯಿತು. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಜ್ಯಾಕ್ ಲ್ಯೂಬಿನ್ ಮತ್ತು ಸಂಗಡಿಗರು, ಟೆಕ್ಸಾಸ್‌ನ ಹಾಬಿ–ಎಬರ್ಲಿ ದೂರದರ್ಶಕಕ್ಕೆ ಅಳವಡಿಸಿದ ಹೊಸ ರೋಹಿತಮಾಪಕದ ಅಳತೆಗಳೊಂದಿಗೆ ಹಳೆಯವನ್ನೂ ಮತ್ತೆ ಪರಿಶೀಲಿಸಿದರು. ಆ ಉಪಕರಣವನ್ನು ರೂಪಿಸಿದ್ದು ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸುವ್ರತ್ ಮಹದೇವನ್ ಅವರ ನೇತೃತ್ವದ ತಂಡ. 233 ದಿನದ ಸಂಕೇತ ಹೊಸ ಅಳತೆಗಳಲ್ಲಿ ಇರಲಿಲ್ಲ. ಹಳೆಯವುಗಳಲ್ಲೂ ಕೆಲವು ವರ್ಷ ಗಟ್ಟಿಯಾಗಿ ಕಾಣಿಸಿ ಮಿಕ್ಕ ವರ್ಷಗಳಲ್ಲಿ ಮಾಯವಾಗುತ್ತಿತ್ತು. ಗ್ರಹವಾದರೆ ಹೀಗೆ ಬಿಟ್ಟು ಬಿಟ್ಟು ಸುತ್ತುವುದಿಲ್ಲ. ಬರ್ನಾರ್ಡ್ ನಕ್ಷತ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ಬರಲು ಸುಮಾರು 145 ದಿನ ಬೇಕು. ವರ್ಷದಲ್ಲಿ ಕೆಲವು ತಿಂಗಳು ನಕ್ಷತ್ರ ಸೂರ್ಯನ ದಿಕ್ಕಿನಲ್ಲಿರುವುದರಿಂದ ವೀಕ್ಷಣೆ ಪ್ರತಿ ವರ್ಷವೂ ಒಂದೇ ಕಾಲಕ್ಕೆ ತುಂಡಾಗುತ್ತದೆ, ಮತ್ತು ಹೀಗೆ ತುಂಡಾದ ಅಳತೆಗಳಲ್ಲಿ ನಿಜವಾದ ಆವರ್ತದ ಜೊತೆಗೆ ಅದರ ನೆರಳಿನಂಥ ಹುಸಿ ಆವರ್ತವೂ ಹುಟ್ಟುತ್ತದೆ. 145ರ ವಿಲೋಮದಿಂದ (1/145) 365ರ ವಿಲೋಮವನ್ನು (1/365) ಕಳೆದು, ಬಂದದ್ದರ ವಿಲೋಮ ತೆಗೆದರೆ 240ರ ಹತ್ತಿರದ ಸಂಖ್ಯೆ ಸಿಗುತ್ತದೆ. ಅಕ್ಷಭ್ರಮಣದ ಅವಧಿಯನ್ನು ಎರಡು ಮೂರು ದಿನ ಇಳಿಸಿದರೆ ಸಾಕು, ಉತ್ತರ 233ಕ್ಕೆ ಬಂದು ನಿಲ್ಲುತ್ತದೆ. ಏಳು ಉಪಕರಣಗಳಿದ್ದೂ ಪ್ರಯೋಜನವಾಗಲಿಲ್ಲ, ಏಕೆಂದರೆ ಈ ಸಲ ದೋಷವಿದ್ದದ್ದು ಉಪಕರಣದಲ್ಲಲ್ಲ. ಅವೆಲ್ಲವೂ ಒಂದೇ ನಕ್ಷತ್ರದ ಅದೇ ಕಲೆಗಳನ್ನು, ಅದೇ ಋತುಗಳಲ್ಲಿ ನೋಡಿದ್ದವು.

ಇದರ ಮುಂದಿನ ಹೆಜ್ಜೆ ಇಟ್ಟವರು ಕೆನರಿ ದ್ವೀಪಗಳ ಖಭೌತ ಸಂಸ್ಥೆಯ ಜೊನಾಯ್ ಗೊನ್ಸಾಲೆಸ್ ಎರ್ನಾಂಡೆಸ್ ಮತ್ತು ಸಂಗಡಿಗರು. ಚಿಲಿಯ ಪರನಾಲ್‌ನಲ್ಲಿರುವ ವೆರಿ ಲಾರ್ಜ್ ಟೆಲಿಸ್ಕೋಪಿನ ಎಸ್ಪ್ರೆಸ್ಸೊ ರೋಹಿತಮಾಪಕದಿಂದ ನಾಲ್ಕು ವರ್ಷ ನಡೆಸಿದ ವೀಕ್ಷಣೆಯ ಫಲವನ್ನು ಅವರು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. 233 ದಿನದ ಗ್ರಹಕ್ಕೆ ಅಲ್ಲೂ ಪುರಾವೆ ಸಿಗಲಿಲ್ಲ. ಸಿಕ್ಕದ್ದು 3.15 ದಿನಕ್ಕೊಮ್ಮೆ ಸುತ್ತುವ, ಭೂಮಿಯ ಅರ್ಧಕ್ಕಿಂತ ಹಗುರವಾದ ಗ್ರಹ. ಅದರ ಎಳೆತಕ್ಕೆ ನಕ್ಷತ್ರ ಅಲುಗುವ ವೇಗ ಸೆಕೆಂಡಿಗೆ 55 ಸೆಂಟಿಮೀಟರ್. ಇನ್ನೂ ಮೂರು ಸಂಕೇತಗಳಿದ್ದರೂ ಅವನ್ನು ಅಭ್ಯರ್ಥಿಗಳೆಂದಷ್ಟೇ ಹೆಸರಿಸಿ ತಂಡ ಸುಮ್ಮನಾಯಿತು. ಹಳೆಯ ಲೇಖನಗಳನ್ನು ಓದುವವರು ಇಲ್ಲೊಂದು ಗೊಂದಲಕ್ಕೆ ಎಡೆಯಿದೆಯೆಂದು ತಿಳಿದಿರಬೇಕು: 2018ರಲ್ಲಿ ಘೋಷಿತವಾಗಿ ಆಮೇಲೆ ಅಳಿಸಿಹೋದ ಗ್ರಹಕ್ಕಿದ್ದ ‘ಬಿ’ ಎಂಬ ಅಕ್ಷರವೇ ಈಗ 3.15 ದಿನದ ಗ್ರಹಕ್ಕೆ ಬಂದಿದೆ.

ಬಸಂತ್ ಅವರ ತಂಡದ ಅಳತೆಗಳ ಮಹತ್ವ ಇಲ್ಲಿದೆ. ಅವು ಭೂಮಿಯ ಇನ್ನೊಂದು ಗೋಳಾರ್ಧದಿಂದ, ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದ ಮರೂನ್–ಎಕ್ಸ್ ಎಂಬ ಬೇರೊಂದೇ ಉಪಕರಣದಿಂದ, ಮೂರು ವರ್ಷಗಳ 112 ರಾತ್ರಿಗಳಲ್ಲಿ ಬಂದವು. ಎಸ್ಪ್ರೆಸ್ಸೊ ಕಂಡ ಗ್ರಹವೂ, ಅದರ ಅಭ್ಯರ್ಥಿಗಳಲ್ಲಿ ಎರಡೂ ಸ್ವತಂತ್ರವಾಗಿ ಮತ್ತೆ ಕಾಣಿಸಿದವು; ಎರಡೂ ಉಪಕರಣಗಳ ಅಳತೆಗಳನ್ನು ಸೇರಿಸಿದಾಗ ನಾಲ್ಕನೆಯದೂ ದೃಢವಾಯಿತು. ಒಳಗಿನಿಂದ ಹೊರಕ್ಕೆ ಅವುಗಳ ವರ್ಷ 2.34, 3.15, 4.12 ಮತ್ತು 6.74 ದಿನ, ಈ ಅವಧಿಗಳು ನಕ್ಷತ್ರದ 145 ದಿನದ ಅಕ್ಷಭ್ರಮಣದಿಂದ ಬಹು ದೂರದಲ್ಲಿರುವುದರಿಂದ ಕಲೆಗಳ ಮೋಸಕ್ಕೆ ಅವಕಾಶ ಕಡಿಮೆ. ಕನಿಷ್ಠ ದ್ರವ್ಯರಾಶಿ ಭೂಮಿಯ ಶೇಕಡಾ 19ರಿಂದ 34ರವರೆಗೆ. ಹೊರಗಿನ ಹಗುರ ಗ್ರಹ ನಕ್ಷತ್ರವನ್ನು ಸೆಕೆಂಡಿಗೆ ಬರೀ 22 ಸೆಂಟಿಮೀಟರ್ ವೇಗದಲ್ಲಿ ಅಲುಗಿಸುತ್ತದೆ. ಪ್ರಕಟವಾದಾಗ, ಈ ವಿಧಾನದಿಂದ ಸಿಕ್ಕ ಗ್ರಹಗಳಲ್ಲೇ ಹಗುರವಾದದ್ದು ಅದಾಗಿತ್ತು.

ಇಷ್ಟಾದರೂ ಈ ಗ್ರಹಗಳ ಬಗ್ಗೆ ಹೇಳಬಹುದಾದದ್ದು ಸ್ವಲ್ಪ. ನಾಲ್ಕೂ ಬುಧ ಸೂರ್ಯನಿಂದಿರುವ ದೂರದ ಸುಮಾರು ಹತ್ತರ ಒಂದು ಭಾಗದೊಳಗೇ ಸುತ್ತುವುದರಿಂದ, ನಕ್ಷತ್ರ ಎಷ್ಟೇ ಮಂಕಾಗಿದ್ದರೂ, ದ್ರವರೂಪದ ನೀರಿಗೆ ಅಲ್ಲಿ ತೀರ ಬಿಸಿ. ನಮ್ಮಿಂದ ನೋಡಿದಾಗ ಅವು ನಕ್ಷತ್ರದ ಮುಂದೆ ಹಾಯುವುದು ಕಂಡುಬಂದಿಲ್ಲವಾದ್ದರಿಂದ ಗಾತ್ರ ತಿಳಿಯದು. ಗಾತ್ರವಿಲ್ಲದೆ ಸಾಂದ್ರತೆ ಸಿಗದು, ಬಂಡೆಯ ಗ್ರಹಗಳೆಂಬುದು ದ್ರವ್ಯರಾಶಿಯ ಮೇಲಿನ ಅನುಮಾನವಷ್ಟೇ. ನೀರು ನಿಲ್ಲಬಹುದಾದ ವಲಯ ಈ ನಕ್ಷತ್ರಕ್ಕೆ 10ರಿಂದ 42 ದಿನಗಳ ಕಕ್ಷೆಗಳ ನಡುವೆ ಬರುತ್ತದೆ. ಅಲ್ಲಿ ಭೂಮಿಯ 0.57 ಪಟ್ಟಿಗಿಂತ ಭಾರವಾದ ಗ್ರಹ ಇರುವ ಸಂಭವವನ್ನು ಹೊಸ ಅಳತೆಗಳು ಬಹುಮಟ್ಟಿಗೆ ತಳ್ಳಿಹಾಕಿವೆ. ಮಂಗಳನಷ್ಟು ಹಗುರವಾದದ್ದೊಂದು ಅಲ್ಲಿದ್ದರೆ ಅದನ್ನು ಹಿಡಿಯುವಷ್ಟು ಸೂಕ್ಷ್ಮತೆ ಈ ಎರಡೂ ಉಪಕರಣಗಳ ಈವರೆಗಿನ ಅಳತೆಗಳಿಗಿಲ್ಲ.